ಎಸೆಗಾರನ ತೋಳು ಮತ್ತು ಭವಿಷ್ಯದ ಅಳತೆ

1973ನೆಯ ಇಸವಿ ಜೂನ್ 27ರ ಸಂಜೆ. ಅಮೆರಿಕದ ಟೆಕ್ಸಸ್ ರಾಜ್ಯದ ಆರ್ಲಿಂಗ್‌ಟನ್ ನಗರದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ 35,000ಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದರು. ಆ ಕ್ರೀಡಾಂಗಣ ಪೂರ್ತಿಯಾಗಿ ತುಂಬಿದ್ದು ಅಂದೇ ಮೊದಲು. ಅವರೆಲ್ಲ ಬಂದಿದ್ದುದು ಹದಿನೆಂಟು ವರ್ಷದ ಒಬ್ಬ ಹುಡುಗನನ್ನು ನೋಡುವುದಕ್ಕೆ. ಡೇವಿಡ್ ಕ್ಲೈಡ್ ಎಂಬ ಆ ಎಡಗೈ ಎಸೆಗಾರನು ಕೆಲವೇ ವಾರಗಳ ಹಿಂದೆ ತನ್ನ ಹೈಸ್ಕೂಲಿನ ತಂಡದಲ್ಲಿ ಆಡುತ್ತಿದ್ದವನು. ಅಂದು ಅವನು ಎಂಟು ಬ್ಯಾಟುಗಾರರನ್ನು ಕೇವಲ ತನ್ನ ಎಸೆತದಿಂದಲೇ ಹೊರಗಟ್ಟಿದನು. ಅವನ ತಂಡವೂ ಗೆದ್ದಿತು. ಆದರೆ 1979ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೇ, ಮೇಜರ್ ಲೀಗಿನಲ್ಲಿ ಅವನ ಆಟ ಮುಗಿದಿತ್ತು. ಅವನ ಲೆಕ್ಕದಲ್ಲಿ ಉಳಿದದ್ದು 18 ಗೆಲವು, 33 ಸೋಲು.

ಕ್ಲೈಡನು ಸಾಮಾನ್ಯ ಹುಡುಗನಾಗಿರಲಿಲ್ಲ. ಆ ವರ್ಷ ಇಡೀ ದೇಶದ ಯುವ ಆಟಗಾರರಲ್ಲಿ ಮೊಟ್ಟಮೊದಲು ಆರಿಸಲ್ಪಟ್ಟವನು ಅವನೇ. 1965ರಿಂದ ಅಮೆರಿಕದಲ್ಲಿ ಒಂದು ಪದ್ಧತಿಯುಂಟು. ಶಾಲೆ ಕಾಲೇಜುಗಳ ಆಟಗಾರರನ್ನು ದೊಡ್ಡ ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಬಹುಕಾಲ ಮೊದಲ ಸರದಿಯು ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಸಲ್ಲುತ್ತಿತ್ತು. 2023ರಿಂದ ಮೊದಲ ಕೆಲವು ಸರದಿಗಳನ್ನು ಚೀಟಿ ಎತ್ತಿ ನಿಶ್ಚಯಿಸುತ್ತಾರೆ. ಈ ಆಯ್ಕೆಗಾಗಿ ಪರೀಕ್ಷಕರು ದೇಶವನ್ನೆಲ್ಲ ಸುತ್ತುತ್ತಾರೆ, ತಂಡಗಳು ಲಕ್ಷಗಟ್ಟಲೆ ಡಾಲರು ಸುರಿಯುತ್ತವೆ. ಆದರೂ ಎಸೆಗಾರರ ವಿಷಯದಲ್ಲಿ ಲೆಕ್ಕ ಮತ್ತೆ ಮತ್ತೆ ತಪ್ಪುತ್ತದೆ. 1991ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಬ್ರಿಯೆನ್ ಟೇಲರನಿಗೆ ನ್ಯೂಯಾರ್ಕ್ ಯಾಂಕೀಸ್ ತಂಡವು 15.5 ಲಕ್ಷ ಡಾಲರು ಕೊಟ್ಟಿತು. 1993ರ ಡಿಸೆಂಬರಿನಲ್ಲಿ, ಮೈದಾನದ ಹೊರಗೆ ನಡೆದ ಒಂದು ಹೊಡೆದಾಟದಲ್ಲಿ, ಅವನ ಎಡ ಭುಜಕ್ಕೆ ಪೆಟ್ಟು ಬಿತ್ತು. ಶಸ್ತ್ರಚಿಕಿತ್ಸೆಯ ಬಳಿಕ ಹಿಂದಿನ ವೇಗ ಮರಳಲೇ ಇಲ್ಲ. ಮೇಜರ್ ಲೀಗಿನಲ್ಲಿ ಅವನು ಒಂದು ಚೆಂಡನ್ನೂ ಎಸೆಯದೆ ಹೋದನು.

ಇದಕ್ಕೆ ಕಾರಣವೇನು? ಆರಿಸುವವರು ಮೂಢರೆ? ಹುಡುಗರು ಸೋಮಾರಿಗಳೆ? ಈ ಪ್ರಶ್ನೆಗೆ ಭೌತವಿಜ್ಞಾನದಿಂದಲೂ ಸಂಖ್ಯಾಶಾಸ್ತ್ರದಿಂದಲೂ ದೊರೆಯುವ ಉತ್ತರವನ್ನು ನೋಡೋಣ.

ಮೊದಲು ತೋಳಿನ ವಿಚಾರ. ಕ್ರಿಕೆಟ್ಟಿನ ಬೌಲರನು ಚೆಂಡು ಬಿಡುವಾಗ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೀಡುವಂತಿಲ್ಲ. ಬೇಸ್‌ಬಾಲ್ ಎಸೆಗಾರನಿಗೆ ಈ ಕಟ್ಟಿಲ್ಲ. ಅವನು ನಿಂತ ನೆಲೆಯಿಂದಲೇ, ಮಡಿಸಿದ ತೋಳನ್ನು ಚಾವಟಿಯಂತೆ ಬೀಸಿ ಎಸೆಯುತ್ತಾನೆ. ಚೆಂಡಿನ ದ್ರವ್ಯರಾಶಿ ಸುಮಾರು 145 ಗ್ರಾಂ. ಉತ್ತಮ ಎಸೆತದ ವೇಗ ಗಂಟೆಗೆ 95 ಮೈಲಿ, ಎಂದರೆ ಸೆಕೆಂಡಿಗೆ ಸುಮಾರು 42.5 ಮೀಟರು. ಚಲನಶಕ್ತಿಯ ಸೂತ್ರವನ್ನು ಬಲ್ಲ ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು: ಸುಮಾರು 131 ಜೂಲ್. ಒಂದು ಕಿಲೋಗ್ರಾಂ ತೂಕವನ್ನು 13 ಮೀಟರಿಗೂ ಮಿಕ್ಕು ಎತ್ತರಕ್ಕೆ ಏರಿಸಲು ಸಾಕಾಗುವ ಶಕ್ತಿ ಇದು. ಇದರ ಬಹುಭಾಗವು ಚೆಂಡಿಗೆ ದೊರೆಯುವುದು ಬೀಸಿನ ಕೊನೆಯ ಘಟ್ಟದಲ್ಲಿ, ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲಿಗೂ ಕಡಮೆ ಕಾಲದಲ್ಲಿ. ಆ ಕ್ಷಣದಲ್ಲಿ ಮೇಲ್ತೋಳು ತನ್ನ ಅಕ್ಷದ ಮೇಲೆ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ಒಂದು ಸೆಕೆಂಡು ತಿರುಗುವುದು ಸಾಧ್ಯವಿದ್ದರೆ ಹತ್ತೊಂಬತ್ತು ಸುತ್ತುಗಳಾಗುತ್ತಿದ್ದವು!

ಹೀಗೆ ಬೀಸುವಾಗ ಮುಂದೋಳು ಹಿಂದೆ ಉಳಿಯುತ್ತದೆ, ಮೊಣಕೈಯ ಒಳಬದಿ ಹಿಗ್ಗುತ್ತದೆ. 1995ರಲ್ಲಿ ಗ್ಲೆನ್ ಫ್ಲೈಸಿಗ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಳತೆಯಂತೆ, ಮೊಣಕೈ ತಡೆದುಕೊಳ್ಳಬೇಕಾದ ತಿರುಚುಬಲ ಸುಮಾರು 64 ನ್ಯೂಟನ್-ಮೀಟರು. ಮುಂದೋಳನ್ನು 30 ಸೆಂಟಿಮೀಟರಿನ ಸನ್ನೆಗೋಲೆಂದು ಎಣಿಸಿದರೆ, ಅಂಗೈಗೆ ಇಪ್ಪತ್ತೊಂದು ಕಿಲೋಗ್ರಾಂ ತೂಕವನ್ನು ಕಟ್ಟಿ, ಮೊಣಕೈ ಸಹಜವಾಗಿ ಬಾಗದ ದಿಕ್ಕಿಗೆ ಎಳೆದಂತಾಯಿತು. ಒಳಬದಿಯಲ್ಲಿ ಎರಡು ಎಲುಬುಗಳನ್ನು ಹಿಡಿದಿರುವ ಕಿರಿದಾದ ಅಸ್ಥಿಬಂಧವು, ಮೃತ ಶರೀರಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ, ಸುಮಾರು 32 ನ್ಯೂಟನ್-ಮೀಟರಿಗೆ ಹರಿದುಹೋಗಿದೆ. ಜೀವಂತ ತೋಳಿನಲ್ಲಿ ಸುತ್ತಲ ಸ್ನಾಯುಗಳು ಹೊರೆಯನ್ನು ಹಂಚಿಕೊಳ್ಳುವುದರಿಂದ ಮಾತ್ರ ಅದು ಉಳಿದುಕೊಳ್ಳುತ್ತದೆ. ಸ್ನಾಯು ದಣಿದರೆ ಆ ಪಾಲೂ ಅಸ್ಥಿಬಂಧದ ಮೇಲೆಯೇ ಬೀಳುತ್ತದೆ. ಇದಲ್ಲದೆ, ವ್ಯಾಯಾಮದಿಂದ ಸ್ನಾಯು ಬೇಗ ಬಲಿಯುತ್ತದೆ. ರಕ್ತಸಂಚಾರ ಕಡಮೆಯಿರುವ ಅಸ್ಥಿಬಂಧವು ನಿಧಾನವಾಗಿ ಬಲಿಯುತ್ತದೆ. ಆದುದರಿಂದ ಹದಿನೆಂಟರ ಹುಡುಗನಲ್ಲಿ ಎಂಜಿನು ದೊಡ್ಡದಾಗಿ, ಚೌಕಟ್ಟು ಇನ್ನೂ ಎಳೆಯದಾಗಿ ಇರುವುದು ಸಾಧ್ಯ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಹುಡುಗನನ್ನು ಪಟ್ಟಿಯ ತುದಿಗೇರಿಸುವುದು ಅವನ ವೇಗ. ಅವನ ತೋಳನ್ನು ಅಪಾಯದ ಅಂಚಿಗೆ ಒಯ್ಯುವುದೂ ಬಹುಮಟ್ಟಿಗೆ ಅದೇ ವೇಗ. ಆಯ್ಕೆಯು ತನಗೆ ಅರಿವಿಲ್ಲದೆಯೇ ಹೆಚ್ಚು ಒತ್ತಡಕ್ಕೆ ಸಿಕ್ಕಿದ ತೋಳುಗಳನ್ನು ಮುಂದಕ್ಕೆ ತರುತ್ತದೆ.

ಎರಡನೆಯದು ಅಳತೆಯ ವಿಚಾರ. 1970ರ ದಶಕದಲ್ಲಿ ಬೇಸ್‌ಬಾಲಿಗೆ ರೇಡಾರ್ ಯಂತ್ರ ಬಂದಿತು. ಹತ್ತಿರ ಬರುವ ರೈಲಿನ ಸಿಳ್ಳಿನ ಸ್ವರ ಏರಿದಂತೆ ಕೇಳಿಸುತ್ತದಲ್ಲವೆ? ಅದೇ ಡಾಪ್ಲರ್ ತತ್ತ್ವದಿಂದ ಈ ಯಂತ್ರವು ಚೆಂಡಿನ ವೇಗವನ್ನು ಕ್ಷಣಾರ್ಧದಲ್ಲಿ ತಿಳಿಸುತ್ತದೆ. ಆದರೆ ಅದು ತಿಳಿಸುವುದು ಇಂದಿನ ವೇಗವನ್ನು ಮಾತ್ರ. ಐದು ವರ್ಷದ ಅನಂತರ ತೋಳು ಹೇಗಿರುವುದು, ಸೋತ ಮಾರನೆಯ ದಿನ ಮನಸ್ಸು ಹೇಗಿರುವುದು ಎಂಬುದನ್ನು ಅಳೆಯುವ ಯಂತ್ರವಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ನಾವು ಪ್ರತಿ ವರ್ಷವೂ ಕಾಣುವ ಒಂದು ಸಂಗತಿಯಿದೆ. ಒಂದೇ ಲೋಲಕದ ಆಂದೋಲನ ಕಾಲವನ್ನು ನಲವತ್ತು ವಿದ್ಯಾರ್ಥಿಗಳು ಅಳೆದರೆ ನಲವತ್ತು ಬೆಲೆಗಳು ದೊರೆಯುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಂಡರೆ ಅದು ನಿಜವಾದ ಬೆಲೆಗಿಂತ ಹೆಚ್ಚಾಗಿಯೇ ಇರುವುದು ಬಹುತೇಕ ಖಂಡಿತ. ಅದೇ ವಿದ್ಯಾರ್ಥಿಯು ಮತ್ತೊಮ್ಮೆ ಅಳೆದರೆ ಉತ್ತರವು ಸರಾಸರಿಯತ್ತ ಇಳಿಯುತ್ತದೆ. ಸಾವಿರಾರು ಹುಡುಗರಲ್ಲಿ ಅತ್ಯುತ್ತಮನಾಗಿ ಕಂಡವನ ವಿಷಯವೂ ಹೀಗೆಯೇ. ಅವನಲ್ಲಿ ನಿಜವಾದ ಸಾಮರ್ಥ್ಯವಿದೆ, ಸಂದೇಹವಿಲ್ಲ. ಅದರ ಜೊತೆಗೆ ಆ ಋತುವಿನ ಅದೃಷ್ಟವೂ ಸೇರಿದೆ. ಸಾಮರ್ಥ್ಯ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ. ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ಇಂಥ ಇಳಿತವನ್ನು 1886ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನರು.

ಹಾಗೆಂದು ಆಯ್ಕೆಯೆಲ್ಲ ವ್ಯರ್ಥವೆಂದು ತಿಳಿಯಬಾರದು. 2011ರ ಮೊದಲಿಗ ಗೆರಿಟ್ ಕೋಲ್, 2023ರ ಮೊದಲಿಗ ಪಾಲ್ ಸ್ಕೀನ್ಸ್ ನಿರೀಕ್ಷೆಯನ್ನು ಉಳಿಸಿಕೊಂಡವರು. ಆದರೆ 1965ರ ಮೊದಲ ಆಯ್ಕೆಯನ್ನೇ ನೋಡಿ: ನೋಲನ್ ರಯಾನನ ಹೆಸರು ಕೂಗುವ ಮುನ್ನ 294 ಹೆಸರುಗಳನ್ನು ಕೂಗಿದ್ದರು. ಅವನು 27 ಋತುಗಳ ಕಾಲ ಎಸೆದು, 5714 ಬ್ಯಾಟುಗಾರರನ್ನು ತನ್ನ ಎಸೆತದಿಂದಲೇ ಔಟು ಮಾಡಿ, ಇಂದಿಗೂ ಮುರಿಯದ ದಾಖಲೆಯನ್ನು ಬಿಟ್ಟುಹೋದನು. ಅವನೂ ಮಹಾವೇಗಿಯೇ. ಆದರೂ ಮೊಣಕೈಯ ಅಸ್ಥಿಬಂಧ ಹರಿದು ಅವನ ಆಟ ನಿಂತದ್ದು 1993ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ. ಆ ತೋಳಿನ ಬಾಳಿಕೆಯನ್ನು 1965ರಲ್ಲಿ ಯಾರೂ ಅಳೆದಿರಲಿಲ್ಲ; ಅಳೆಯುವ ಬಗೆಯೂ ಇರಲಿಲ್ಲ.

ಪರಿಹಾರವಿಲ್ಲವೆ? ಕೆಲಮಟ್ಟಿಗೆ ಇದೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬರು ಟಾಮಿ ಜಾನ್ ಎಂಬ ಎಸೆಗಾರನ ಬಲ ಮುಂದೋಳಿನ ಸ್ನಾಯುರಜ್ಜುವೊಂದನ್ನು ತೆಗೆದು ಅವನ ಎಡ ಮೊಣಕೈಗೆ ಕಟ್ಟಿದರು. ಆಮೇಲೆ ಅವನು 1989ರವರೆಗೆ ಆಡಿ 164 ಪಂದ್ಯಗಳನ್ನು ಗೆದ್ದನು. ಚಿಕಿತ್ಸೆಗಿಂತ ಮುನ್ನೆಚ್ಚರಿಕೆ ಮೇಲಲ್ಲವೆ? 2014ರಲ್ಲಿ ಹುಡುಗರಿಗಾಗಿ ಹೊರಡಿಸಿದ ಸೂಚನೆಯಂತೆ, 17-18 ವರ್ಷದವರು ಒಂದು ದಿನಕ್ಕೆ 105ಕ್ಕಿಂತ ಹೆಚ್ಚು ಎಸೆತ ಎಸೆಯಬಾರದು. ಎಸೆದ ಮೇಲೆ ಗೊತ್ತಾದಷ್ಟು ದಿನ ವಿಶ್ರಾಂತಿ ಪಡೆಯಬೇಕು.

ಕೊನೆಗೊಂದು ಮಾತು. 2013ರ ಮೊದಲಿಗನಾದ ಮಾರ್ಕ್ ಅಪೆಲ್ ಗಾಯ ಮತ್ತು ಸೋಲುಗಳಿಂದ ಬಳಲಿ 2018ರಲ್ಲಿ ಆಟವನ್ನೇ ಬಿಟ್ಟನು. ಅವನ ಹಿಂದೆಯೇ ಆಯ್ಕೆಯಾಗಿದ್ದ ಕ್ರಿಸ್ ಬ್ರಯಾಂಟನು ಅಷ್ಟರಲ್ಲಿ ಲೀಗಿನ ಶ್ರೇಷ್ಠ ಆಟಗಾರನೆನಿಸಿದ್ದನು. ಅಪೆಲನು 2021ರಲ್ಲಿ ಮರಳಿ ಬಂದನು. 2022ರ ಜೂನ್ 29ರಂದು, ಮೂವತ್ತನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಮೇಜರ್ ಲೀಗಿನಲ್ಲಿ ಎಸೆದನು. ಎದುರಾಳಿಗಳಿಗೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಒಂಬತ್ತು ವರ್ಷ ತಡವಾಗಿ ಬಂದ ಆ ಸಂಜೆಯನ್ನು ಯಾವ ಪಟ್ಟಿಯೂ ಮುಂಗಂಡಿರಲಿಲ್ಲ.

ಪರೀಕ್ಷೆಯ ಫಲಿತಾಂಶವನ್ನು ಕಾಯುತ್ತಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಲಿ. ಅಳತೆಯನ್ನು ನಾವು ಗೌರವಿಸಬೇಕು. ಆದರೆ ಪ್ರತಿಯೊಂದು ಅಳತೆಯ ಪಕ್ಕದಲ್ಲಿಯೂ ಅದರ ದೋಷದ ಮಿತಿಯನ್ನು ಬರೆಯುವುದು ಪ್ರಯೋಗಶಾಲೆಯ ಮೊದಲ ಪಾಠ. ಮನುಷ್ಯನನ್ನು ಅಳೆಯುವಾಗ ಆ ಪಾಠವನ್ನು ಮರೆಯತಕ್ಕದ್ದಲ್ಲ.