ಪರರ ಓಲೆಯನ್ನು ಓದಬಹುದೆ?

ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯಸ್ವಾಮಿಯ ಗುಡ್ಡವನ್ನು ಹತ್ತಿ ಇಳಿದು ಬರುವ ವೃದ್ಧರು ಸಾಯಂಕಾಲ ಒಂದೆಡೆ ಕುಳಿತರೆಂದರೆ, ಹಿಂದೆ ಮಂಡಿನೋವು, ತೊಗರಿಬೇಳೆಯ ಬೆಲೆ ಇವುಗಳ ವಿಚಾರವಾಗಿ ಮಾತು ನಡೆಯುತ್ತಿತ್ತು. ಈಚೆಗೆ ಬೇರೊಂದು ಬಗೆಯ ಪ್ರಶ್ನೆಗಳು ಹುಟ್ಟಿಕೊಂಡಿರುವುವು. “ಮೇಷ್ಟ್ರೇ, ಮೊಮ್ಮಗಳ ಫೋನನ್ನು ತೆಗೆದು ನೋಡಿದರೆ ತಪ್ಪೇನು?” ಎಂದು ಒಬ್ಬರು. “ಸೊಸೆ ಆಡಿದ ಮಾತನ್ನೆಲ್ಲ ಮಗ ಫೋನಿನಲ್ಲಿ ಹಿಡಿದಿಟ್ಟಿದ್ದಾನೆ, ಅದು ಕೋರ್ಟಿನಲ್ಲಿ ನಿಲ್ಲುತ್ತದೆಯೆ?” ಎಂದು ಇನ್ನೊಬ್ಬರು. “ಒಂದೇ ಮನೆಯಲ್ಲಿರುವ ತಮ್ಮ ಹಜಾರಕ್ಕೆ ಕ್ಯಾಮೆರಾ ಹಾಕಿಸಿದ್ದಾನೆ, ಕೇಳುವವರಿಲ್ಲವೆ?” ಎಂದು ಮತ್ತೊಬ್ಬರು. ನಾವು ವಕೀಲರಲ್ಲ, ಶಬ್ದರೂಪ ಧಾತುರೂಪಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿ ನಿವೃತ್ತರಾದವರು. ಆದರೂ ತೀರ್ಪುಗಳು ಗೃಹಸ್ಥರು ಓದಬಾರದ ಗ್ರಂಥಗಳೇನೂ ಅಲ್ಲ. ಓದಿ ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತೇವೆ.

ಈ ಪ್ರಶ್ನೆಗಳಲ್ಲಿ ಎರಡು ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸರ್ಕಾರವು ನಮ್ಮ ಗುಟ್ಟನ್ನು ಎಷ್ಟರ ಮಟ್ಟಿಗೆ ಕೆದಕಬಹುದು ಎಂಬುದು ಒಂದು. ನಾವೇ ಒಬ್ಬರೊಬ್ಬರ ಗುಟ್ಟನ್ನು ಎಷ್ಟರ ಮಟ್ಟಿಗೆ ಕೆದಕಬಹುದು ಎಂಬುದು ಇನ್ನೊಂದು. ಮೊದಲನೆಯದರ ವಿಚಾರದಲ್ಲಿ ನ್ಯಾಯಾಲಯಗಳು ಬಹಳವಾಗಿ ಮಾತನಾಡಿವೆ. ಎರಡನೆಯದರಲ್ಲಿ ಮಾತು ಕಡಮೆ. ಆ ಮೌನವನ್ನೇ ಅಪ್ಪಣೆಯೆಂದು ಅನೇಕರು ತಿಳಿದುಕೊಂಡಿರುವುದು ಈ ಲೇಖನಕ್ಕೆ ಕಾರಣ.

ನಮ್ಮ ಸೀಮೆಯಲ್ಲಿ ಈ ಕಥೆ ಬಹು ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಸ್ಥಾಪಿಸಿದರೆಂದು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಅಂಚೆಯವರು ಸುದ್ದಿಯನ್ನು ಸಾಗಿಸುವುದಲ್ಲದೆ ಸುದ್ದಿಯನ್ನು ಸಂಗ್ರಹಿಸುವ ಗೂಢಚಾರರೂ ಆಗಿದ್ದರೆಂದೂ, ಊರೂರಿನ ಒಳಗುಟ್ಟುಗಳನ್ನು ಅರಮನೆಗೆ ನಿಯಮದಿಂದ ತಿಳಿಸುತ್ತಿದ್ದರೆಂದೂ ಇತಿಹಾಸಕಾರ ವಿಲ್ಕ್ಸನು ಬರೆದಿರುವುದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. 1898ರ ಅಂಚೆ ಕಾನೂನು ಸರ್ಕಾರಕ್ಕೆ ಕಾಗದವನ್ನು ತಡೆಯುವ ಅಧಿಕಾರವನ್ನು ಕೊಟ್ಟಿತಾದರೂ, ತನ್ನ ಇಷ್ಟದಿಂದ ಕಾಗದವನ್ನು ಒಡೆದು ನೋಡಿದ ಅಂಚೆಯ ನೌಕರನಿಗೆ ಎರಡು ವರ್ಷಗಳವರೆಗೆ ಸೆರೆಯನ್ನೂ ವಿಧಿಸಿತ್ತು. 1986ರಲ್ಲಿ ಪಾರ್ಲಿಮೆಂಟು ಆ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಮಸೂದೆಯನ್ನು ಒಪ್ಪಿ ಕಳುಹಿಸಿದಾಗ, ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತವನ್ನೂ ಹಾಕಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ. 1987ರಲ್ಲಿ ಅವರ ಅವಧಿ ಮುಗಿಯುವವರೆಗೂ ಅದು ಅವರ ಮೇಜಿನ ಮೇಲೆಯೇ ಉಳಿಯಿತು. ಈಗ ನಡೆಯುತ್ತಿರುವುದು 2023ರ ಅಂಚೆ ಕಾಯಿದೆ. 2024ರ ಜೂನ್ 18ರಿಂದ ಜಾರಿಯಲ್ಲಿದೆ. ರಾಷ್ಟ್ರದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರದಿಂದ ಅಧಿಕಾರ ಪಡೆದವನು ಯಾವ ಟಪಾಲನ್ನಾದರೂ ತಡೆದು ತೆರೆಯಬಹುದೆಂದು ಅದು ಹೇಳುತ್ತದೆ. ನೌಕರನಿಗೆ ಹಿಂದೆ ಇದ್ದ ಆ ಸೆರೆಯ ಶಿಕ್ಷೆಯು ಹೊಸ ಕಾಯಿದೆಯೊಳಗೆ ಕಾಣುವುದಿಲ್ಲ. ಇದು ನಮಗೆ ಸರಿತೋರಲಿಲ್ಲ.

ಕೈಗೆ ಬಂದ ಕಾಗದವು ಯಾರ ಸ್ವತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಇಂಗ್ಲೆಂಡಿನ ಕವಿ ಪೋಪನ ಪತ್ರಗಳನ್ನು ಕರ್ಲ್ ಎಂಬ ಪುಸ್ತಕ ವ್ಯಾಪಾರಿ ಅಚ್ಚುಹಾಕಿ ಮಾರುತ್ತಿದ್ದನು. 1741ರಲ್ಲಿ ವ್ಯಾಜ್ಯವು ಹಾರ್ಡ್‌ವಿಕ್ ಪ್ರಭುವಿನ ಮುಂದೆ ಬಂದಾಗ ಅವನು ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಿದನು: ಕಾಗದದ ಹಾಳೆ ಪಡೆದವನದು, ಅದರೊಳಗಿನ ಮಾತು ಬರೆದವನದು. ಆದುದರಿಂದ ಪೋಪನು ಬರೆದ ಪತ್ರಗಳ ಮಾರಾಟ ನಿಂತಿತು. ಪೋಪನಿಗೆ ಇತರರು ಬರೆದ ಪತ್ರಗಳಿಗೆ ಆ ತಡೆ ಅನ್ವಯಿಸಲಿಲ್ಲ, ಏತಕ್ಕೆಂದರೆ ಅವುಗಳ ಮಾತು ಅವನದಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾನೂನಿನಲ್ಲಿಯೂ ಸ್ವತಂತ್ರವಾದ ಬರವಣಿಗೆಯ ಹಕ್ಕು ಮೊದಲು ಬರೆದವನದೇ. ತಾತನ ಪೆಟ್ಟಿಗೆಯಲ್ಲಿ ದೊರೆತ ಅವನ ಸ್ನೇಹಿತರ ಕಾಗದಗಳನ್ನು ಪುಸ್ತಕವಾಗಿಸಬೇಕೆಂದಿರುವವರು, ಆ ಸ್ನೇಹಿತರ ವಾರಸುದಾರರನ್ನು ಮೊದಲು ಕಂಡು ಕೇಳತಕ್ಕದ್ದು. ಅತ್ತಿಗೆ ಒಬ್ಬಳಿಗೆಂದು ಬರೆದುದನ್ನು ಇಡೀ ಬಂಧುವರ್ಗದ ವಾಟ್ಸ್ಆಪ್ ಗುಂಪಿಗೆ ಒಂದು ಬೆರಳಿನಿಂದ ದೂಡಿಬಿಡುವವರು ಈ ಮಾತನ್ನು ಎಂದಾದರೂ ಯೋಚಿಸಿದ್ದಾರೆಯೆ?

ತಂತಿ ದೂರವಾಣಿಗಳ ವಿಚಾರವು ನಮ್ಮ ರಾಜ್ಯದವರಿಗೆ ಮರೆಯುವಂಥದಲ್ಲ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಪದವಿಯನ್ನು ಬಿಟ್ಟುದು ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆಯೇ. 1885ರ ತಂತಿ ಕಾನೂನು ಕದ್ದಾಲಿಕೆಗೆ ಅಧಿಕಾರ ಕೊಟ್ಟಿದ್ದರೂ ಅದನ್ನು ನಡೆಸುವ ಕ್ರಮವನ್ನು ಗೊತ್ತುಮಾಡಿರಲಿಲ್ಲ. ಗೊತ್ತುಮಾಡಿದುದು ಸರ್ವೋಚ್ಚ ನ್ಯಾಯಾಲಯ, 1996ರ ಡಿಸೆಂಬರ್ 18ರಂದು: ಗೃಹ ಕಾರ್ಯದರ್ಶಿಯ ಲಿಖಿತ ಅಪ್ಪಣೆ ಬೇಕು, ಅದಕ್ಕೆ ಎರಡು ತಿಂಗಳ ಆಯುಸ್ಸು, ಹೆಚ್ಚೆಂದರೆ ಆರು ತಿಂಗಳು, ಮೇಲೆ ಒಂದು ಸಮಿತಿಯು ಅದನ್ನು ಪರಿಶೀಲಿಸಬೇಕು. ಹಳೆಯ ತಂತಿ ಕಾನೂನಿನ ಸ್ಥಾನಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದಮೇಲೂ, 2024ರ ಡಿಸೆಂಬರಿನ ನಿಯಮಗಳಲ್ಲಿ ಈ ಮಿತಿ 60 ದಿನ, 180 ದಿನ ಎಂದು ಉಳಿದುಕೊಂಡಿದೆ. ಇದೆಲ್ಲವೂ ಸರ್ಕಾರಕ್ಕೆ ಹೇಳಿದ ಮಾತು. ಪತ್ನಿಯ ಕರೆಗಳನ್ನು ಆಲಿಸಲು ಪತಿಗೆ ಅಪ್ಪಣೆ ಕೊಡುವ ಗೃಹ ಕಾರ್ಯದರ್ಶಿಯು ಯಾವ ಮನೆಯಲ್ಲಿಯೂ ಇಲ್ಲ.

ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸ್ಥಾಪಿತವಾದುದು ಬೆಂಗಳೂರಿನ ಒಬ್ಬ ವೃದ್ಧರ ದಾವೆಯಿಂದ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದಾಗ ಅವರಿಗೆ 86 ವರ್ಷ. ಅಂದಿಗೆ ಆಧಾರ್ ಯೋಜನೆಗೆ ಪಾರ್ಲಿಮೆಂಟಿನ ಕಾನೂನಿನ ಬೆಂಬಲವಿರಲಿಲ್ಲ. ಕಾನೂನಿಲ್ಲದೆ ಪ್ರಜೆಗಳ ಬೆರಳಚ್ಚು ಕಣ್ಣಚ್ಚುಗಳನ್ನು ಸಂಗ್ರಹಿಸುವುದೆಂತು ಎಂಬುದು ಅವರ ಆಕ್ಷೇಪ. ಸಂವಿಧಾನದಲ್ಲಿ ಖಾಸಗಿತನವೆಂಬ ಹಕ್ಕೇ ಇಲ್ಲವೆಂದು ಸರ್ಕಾರವು ವಾದಿಸಿತು. ಆ ವಾದಕ್ಕೆ ಆಧಾರವೂ ಇತ್ತು: 1954ರಲ್ಲಿ ಎಂಟು ಮಂದಿ, 1962ರಲ್ಲಿ ಆರು ಮಂದಿಯ ಪೀಠದಲ್ಲಿ ಬಹುಮತದ ನ್ಯಾಯಮೂರ್ತಿಗಳು ಹಾಗೆಯೇ ಹೇಳಿದ್ದರು. ಎಂಟು ಮಂದಿಯ ಮಾತನ್ನು ಬದಲಿಸಲು ಒಂಬತ್ತು ಮಂದಿ ಕೂಡಬೇಕು. ಕೂಡಿದರು. 2017ರ ಆಗಸ್ಟ್ 24ರಂದು 547 ಪುಟಗಳ ತೀರ್ಪಿನಲ್ಲಿ, ಒಂಬತ್ತು ಮಂದಿಯೂ ಏಕಾಭಿಪ್ರಾಯದಿಂದ, ಬದುಕುವ ಹಕ್ಕಿನೊಳಗೆ, ಅಂದರೆ ಸಂವಿಧಾನದ 21ನೆಯ ವಿಧಿಯೊಳಗೆ, ಖಾಸಗಿತನವೂ ಅಡಗಿದೆಯೆಂದು ಸಾರಿದರು. ಆಧಾರ್ ಯೋಜನೆಯು ಮಾತ್ರ ಬಿದ್ದುಹೋಗಲಿಲ್ಲ. 2018ರ ಸೆಪ್ಟೆಂಬರ್ 26ರ ತೀರ್ಪು ಅದನ್ನು ಬಹುಮಟ್ಟಿಗೆ ಎತ್ತಿಹಿಡಿದು, ಬ್ಯಾಂಕಿನ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬುದನ್ನು ತಳ್ಳಿಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತಮ್ಮ 98ನೆಯ ವಯಸ್ಸಿನಲ್ಲಿ ದಿವಂಗತರಾದರು. ಎಂಬತ್ತಾರರ ಪ್ರಾಯದಲ್ಲಿ ನಮ್ಮಲ್ಲಿ ಬಹುಮಂದಿ ಪಿಂಚಣಿಯ ಕಚೇರಿಯ ಮೆಟ್ಟಿಲನ್ನೂ ಹತ್ತಲಾರೆವು.

ಸಂಸ್ಕೃತದಲ್ಲಿ ‘ರಹಸ್’ ಎಂದರೆ ಏಕಾಂತ. ಏಕಾಂತದಲ್ಲಿ ನಡೆಯತಕ್ಕುದು ‘ರಹಸ್ಯ’. ಇಂದು ರಹಸ್ಯವೆಂದರೆ ಏನೋ ಮುಚ್ಚಿಟ್ಟ ಅಪರಾಧವೆಂಬ ಧ್ವನಿ ಬಂದುಬಿಟ್ಟಿದೆ. “ಮುಚ್ಚಿಡುವುದಕ್ಕೇನಿದೆ? ತಪ್ಪಿಲ್ಲದಿದ್ದರೆ ಫೋನನ್ನು ತೋರಿಸಲಿ” ಎಂದು ಮನೆಗಳಲ್ಲಿ ಹೇಳುವ ಮಾತು ಈ ಅರ್ಥಭ್ರಂಶದಿಂದಲೇ ಹುಟ್ಟಿದುದು. ಇನ್ನು ಮನೆಯ ಒಳಕ್ಕೆ ಬರೋಣ.

ಮಕ್ಕಳ ವಿಚಾರವು ಸುಲಭ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ಒಬ್ಬ ವ್ಯಕ್ತಿಯು ಸ್ವಂತಕ್ಕೆ ಅಥವಾ ಗೃಹಕೃತ್ಯಕ್ಕೆ ಬಳಸುವ ವಿವರಗಳಿಗೆ ತಾನು ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ ಹೊಸ್ತಿಲಿನ ಆಚೆಯೇ ನಿಲ್ಲುತ್ತದೆ. 18 ವರ್ಷ ತುಂಬದವರ ವಿವರಗಳನ್ನು ಬಳಸುವ ಕಂಪನಿಗಳು ತಂದೆತಾಯಿಗಳ ಒಪ್ಪಿಗೆಯನ್ನು ಪಡೆಯಬೇಕೆಂಬ ಕಟ್ಟುಪಾಡು ಅದರಲ್ಲಿದೆ. 2025ರ ನವೆಂಬರಿನಲ್ಲಿ ಹೊರಟ ನಿಯಮಗಳಂತೆ ಅದು ಜಾರಿಗೆ ಬರಲು 18 ತಿಂಗಳ ಗಡುವು. ಎಳೆಯ ಮೊಮ್ಮಗಳ ಫೋನನ್ನು ಹಿರಿಯರು ನೋಡಿದರೆ ಪೋಲೀಸರು ಬರುವುದಿಲ್ಲ. ಆದರೆ ಹದಿನೆಂಟು ತುಂಬಿದ ಮಗಳು ಕಾನೂನಿನ ಕಣ್ಣಿಗೆ ನಿಮ್ಮಷ್ಟೇ ದೊಡ್ಡವಳು. 2000ದ ಮಾಹಿತಿ ತಂತ್ರಜ್ಞಾನದ ಕಾಯಿದೆಯ ಪ್ರಕಾರ, ಒಡೆಯನ ಅಥವಾ ಉಸ್ತುವಾರಿಯುಳ್ಳವನ ಅನುಮತಿಯಿಲ್ಲದೆ ಯಂತ್ರದೊಳಕ್ಕೆ ಪ್ರವೇಶಿಸಿದವನು ಪರಿಹಾರ ಕೊಡಬೇಕಾಗುತ್ತದೆ. ವಂಚನೆಯ ಬುದ್ಧಿಯಿಂದ ಹಾಗೆ ಮಾಡಿದರೆ ಮೂರು ವರ್ಷಗಳವರೆಗೆ ಸೆರೆ, ಅಥವಾ ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಹೆಣ್ಣುಮಕ್ಕಳಿರುವವರು ಇನ್ನೊಂದನ್ನೂ ತಿಳಿದಿರಬೇಕು. ಏಕಾಂತದ ಚಿತ್ರವನ್ನು ತೆಗೆಯಲು ಅವಳೇ ಒಪ್ಪಿದ್ದರೂ, ಅದನ್ನು ಹಂಚಲು ಒಪ್ಪಿರದಿದ್ದರೆ, ಹಂಚಿದವನು ಭಾರತೀಯ ನ್ಯಾಯ ಸಂಹಿತೆಯ 77ನೆಯ ಪ್ರಕರಣದಂತೆ ಅಪರಾಧಿ. “ತೆಗೆಸಿಕೊಂಡವಳು ನೀನೇ ಅಲ್ಲವೆ?” ಎಂದು ಮಗಳನ್ನು ಗದರಿಸಿ ಬಾಯಿಮುಚ್ಚಿಸುವ ತಾಯಿತಂದೆಗಳಿಗಿಂತ ಕಾನೂನು ಇಲ್ಲಿ ಹೆಚ್ಚು ದಯಾಳುವಾಗಿದೆ.

ಕ್ಯಾಮೆರಾದ ವಿಚಾರದಲ್ಲಿ ಒಂದೇ ಉದಾಹರಣೆ ಸಾಕು. ಕಲ್ಕತ್ತೆಯಲ್ಲಿ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬನು ವಾಸದ ಭಾಗದೊಳಗೆ ಕ್ಯಾಮೆರಾಗಳನ್ನು ಹಾಕಿಸಿದನು. ಜೊತೆಯಲ್ಲಿ ವಾಸಿಸುವವನ ಒಪ್ಪಿಗೆಯಿಲ್ಲದೆ ಹಾಗೆ ಮಾಡಕೂಡದೆಂದು ಅಲ್ಲಿನ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಿತು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಮೇಲ್ಮನವಿಯನ್ನು ತಳ್ಳಿಹಾಕಿತು.

ಕಷ್ಟವಿರುವುದು ಗಂಡಹೆಂಡಿರ ನಡುವೆ. ಕಾಳಿದಾಸನ ದುಷ್ಯಂತನು ಮರೆಯಲ್ಲಿ ನಿಂತು, ಶಕುಂತಲೆಯು ತಾವರೆಯೆಲೆಯ ಮೇಲೆ ಗೀರಿದ ಓಲೆಯನ್ನು ಸಖಿಯರಿಗೆ ಓದಿ ಹೇಳುವುದನ್ನು ಆಲಿಸುತ್ತಾನೆ; ನಾಟಕದಲ್ಲಿ ಅದು ಚೆನ್ನ, ಯಾರೂ ಅವನನ್ನು ದೂಷಿಸಿಲ್ಲ. ಇಂದಿನ ದುಷ್ಯಂತರು ಆಲಿಸುವುದು ಮದುವೆಯಾಗಿ ಹತ್ತು ವರ್ಷಗಳಾದ ಮೇಲೆ, ವಿಚ್ಛೇದನದ ಅರ್ಜಿಯನ್ನು ಕಿಸೆಯಲ್ಲಿಟ್ಟುಕೊಂಡು. ಪಂಜಾಬಿನ ಅಂಥ ಒಂದು ವ್ಯಾಜ್ಯದಲ್ಲಿ, ಹೆಂಡತಿಗೆ ತಿಳಿಯದಂತೆ ಗಂಡನು ಹಿಡಿದಿಟ್ಟ ಮಾತುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಕುಟುಂಬ ನ್ಯಾಯಾಲಯವೂ, ಕೂಡದೆಂದು ಉಚ್ಚ ನ್ಯಾಯಾಲಯವೂ ಹೇಳಿದುವು. 2025ರ ಜುಲೈ 14ರಂದು ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು ಸ್ವೀಕರಿಸಬಹುದೆಂದಿತು. ದಂಪತಿಗಳು ತಮ್ಮೊಳಗೆ ಆಡಿಕೊಂಡ ಮಾತನ್ನು ಹೊರಗೆಡಹಕೂಡದೆಂಬ ಹಳೆಯ ಸಾಕ್ಷ್ಯ ಕಾನೂನಿನ ನಿಯಮದೊಳಗೇ, ಅವರಿಬ್ಬರ ನಡುವಣ ವ್ಯಾಜ್ಯಕ್ಕೆ ವಿನಾಯಿತಿಯಿದೆಯೆಂಬುದು ಕಾರಣ. ಪರಸ್ಪರ ಬೇಹುಗಾರಿಕೆಗೆ ಇಳಿಯುವ ಹೊತ್ತಿಗೆ ಸಂಸಾರವು ಮುರಿದೇ ಹೋಗಿರುತ್ತದೆ, ಬೇಹುಗಾರಿಕೆಯು ಅದರ ಲಕ್ಷಣವೆಂದೂ ಪೀಠವು ಹೇಳಿತು.

ಈ ತೀರ್ಪು ಪತ್ರಿಕೆಗಳಲ್ಲಿ ಬಂದ ದಿನವೇ ನಮ್ಮ ಬೆಂಚಿನ ಮೇಲೆ “ಇನ್ನು ರೆಕಾರ್ಡು ಮಾಡಬಹುದಂತೆ” ಎಂಬ ಮಾತು ಹರಡಿತು. ನ್ಯಾಯಾಲಯವು ಹೇಳಿದುದು ಅದಲ್ಲ. ಸಾಕ್ಷ್ಯವನ್ನು ಪಡೆದ ದಾರಿ ಕೆಟ್ಟದೆಂಬ ಮಾತ್ರಕ್ಕೆ ಸಾಕ್ಷ್ಯವನ್ನು ಹೊರಗೆ ಎಸೆಯುವುದಿಲ್ಲವೆಂಬುದು ನಮ್ಮ ನ್ಯಾಯಾಲಯಗಳ ಹಳೆಯ ಪದ್ಧತಿ. ಸಾಕ್ಷ್ಯವು ಸಲ್ಲುತ್ತದೆ ಎಂದಮಾತ್ರಕ್ಕೆ ಅದನ್ನು ತಂದ ಕೃತ್ಯವೂ ಸಲ್ಲುತ್ತದೆ ಎಂದು ಅರ್ಥವಲ್ಲ. ಹೆಂಗಸಿನ ಅಂತರ್ಜಾಲದ ಬಳಕೆಯನ್ನೂ ಇ-ಮೇಲನ್ನೂ ಬೆನ್ನುಹತ್ತಿ ಗಮನಿಸುವ ಗಂಡಸಿಗೆ ಅದೇ ಸಂಹಿತೆಯ 78ನೆಯ ಪ್ರಕರಣವು ಮೊದಲ ಸಲಕ್ಕೆ ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸುತ್ತದೆಂಬುದನ್ನು ಈ ಹಿಗ್ಗಿನಲ್ಲಿ ಮರೆಯತಕ್ಕುದಲ್ಲ.

ಹೊರಗಿನವರನ್ನು ಎಳೆತರುವುದಂತೂ ಆಗದು. ಹೆಂಡತಿಗೆ ಪರಪುರುಷನ ಸಂಬಂಧವಿದೆಯೆಂದು ತೋರಿಸಲು, ಆ ಮನುಷ್ಯನ ಮೊಬೈಲ್ ಎಲ್ಲೆಲ್ಲಿ ಇತ್ತೆಂಬ ಗೋಪುರದ ದಾಖಲೆಗಳನ್ನು ತರಿಸಬೇಕೆಂದು ಒಬ್ಬ ಗಂಡನು ಕೋರಿದ್ದನು. ಕೆಳಗಿನ ನ್ಯಾಯಾಲಯವು ಒಪ್ಪಿತು. ನಮ್ಮ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2022ರಲ್ಲಿ ಅದನ್ನು ರದ್ದುಪಡಿಸಿ, ಗಂಡಹೆಂಡಿರ ಜಗಳಕ್ಕಾಗಿ ಮೂರನೆಯವನ ಖಾಸಗಿತನವನ್ನು ಬಲಿಗೊಡಲಾಗದೆಂದರು.

ಆದರೆ ಗುಟ್ಟನ್ನು ಕೇಳುವವರೆಲ್ಲರೂ ಸಂಶಯಪಿಶಾಚಿಗಳಲ್ಲ. ಹುಬ್ಬಳ್ಳಿಯ ಕಡೆಯ ಒಬ್ಬ ಹೆಣ್ಣುಮಗಳಿಗೂ ಅವಳ ಮಗಳಿಗೂ ಜೀವನಾಂಶವನ್ನು ಕೊಡಬೇಕೆಂದು ಕುಟುಂಬ ನ್ಯಾಯಾಲಯವು ಗಂಡನಿಗೆ ಆಜ್ಞೆ ಮಾಡಿತ್ತು. ಗಂಡನು ಕಣ್ಮರೆಯಾದನು. ವಿಳಾಸವಿಲ್ಲದೆ ಆಜ್ಞೆಯನ್ನು ಜಾರಿಮಾಡುವುದೆಂತು? ಅವನ ಆಧಾರ್ ದಾಖಲೆಯಲ್ಲಿರುವ ವಿಳಾಸವನ್ನು ಅವಳು ಕೇಳಿದಳು, ಪ್ರಾಧಿಕಾರದವರು ಕೊಡಲಿಲ್ಲ. ಗಂಡನಿಗೆ ಸೂಚನೆಯನ್ನು ಕಳುಹಿಸಿ, ಅವನ ಮಾತನ್ನೂ ಕೇಳಿ, ಅವಳ ಅರ್ಜಿಯನ್ನು ತೀರ್ಮಾನಿಸಬೇಕೆಂದು ಏಕಸದಸ್ಯ ನ್ಯಾಯಪೀಠವು ಪ್ರಾಧಿಕಾರಕ್ಕೆ ಹೇಳಿತು. 2023ರ ನವೆಂಬರಿನಲ್ಲಿ ಧಾರವಾಡದ ವಿಭಾಗೀಯ ಪೀಠವು ಅದನ್ನು ಒಪ್ಪಲಿಲ್ಲ. ಮದುವೆಯಾದಮಾತ್ರಕ್ಕೆ ಒಬ್ಬರ ಖಾಸಗಿತನವು ಮತ್ತೊಬ್ಬರಲ್ಲಿ ಕರಗಿಹೋಗುವುದಿಲ್ಲ. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗಿಂತ ಕೆಳಗಿನವರು ಇಂಥ ವಿವರವನ್ನು ಕೊಡಿಸಲಾರರು. ಅವರೂ ಆಧಾರ್ ಸಂಖ್ಯೆ ಯಾರದೋ ಅವನ ಮಾತನ್ನು ಕೇಳಿಯೇ ಕೊಡಿಸಬೇಕು ಎಂದು ವಿಧಿಸಿ, ವ್ಯಾಜ್ಯವನ್ನು ಹಿಂದಕ್ಕೆ ಕಳುಹಿಸಿತು.

ನ್ಯಾಯವು ಸರಿಯಾಗಿಯೇ ಇದೆ. ಅದೇ ಬಾಗಿಲನ್ನು ಸುಲಭವಾಗಿ ತೆರೆದರೆ, ಹೊಡೆತಕ್ಕೆ ಹೆದರಿ ತಲೆಮರೆಸಿಕೊಂಡ ಹೆಂಡತಿಯ ವಿಳಾಸವೂ ಗಂಡನ ಕೈಗೆ ಸಿಕ್ಕೀತು. ಆದರೆ ಎಲ್ಲಿರುವನೆಂದು ತಿಳಿಯದವನ ಮಾತನ್ನು ಕೇಳುವುದು ಹೇಗೆ? ವಿಳಾಸವನ್ನು ಬಲ್ಲ ಪ್ರಾಧಿಕಾರದ ಮೂಲಕವೇ ನ್ಯಾಯಾಲಯವು ಅವನಿಗೆ ಸೂಚನೆಯನ್ನು ಮುಟ್ಟಿಸಬಹುದಷ್ಟೆ. ವಿಳಾಸವೂ ಗುಟ್ಟಾಗಿ ಉಳಿಯುತ್ತದೆ, ಕಾಗದವೂ ತಲುಪುತ್ತದೆ. ಅಂಥ ಕಾಗದವನ್ನು ಪಡೆದೂ ಅವನು ಬಾರದಿದ್ದರೆ, ಆ ತಾಯಿಮಗಳ ಅನ್ನಕ್ಕಾಗಿ ಅವನ ವಿಳಾಸವನ್ನು ಹೊರಗೆಡಹಲು ನ್ಯಾಯಮೂರ್ತಿಗಳು ಬಹಳ ಹೊತ್ತು ಯೋಚಿಸಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ.