ವಿದ್ಯುತ್ ಗಿಟಾರಿಗೆ ತಕ್ಕ ಸ್ವಿಚ್ಚು

ತಂತಿವಾದ್ಯಗಳ ಪರಿಚಯವುಳ್ಳವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುವುದು. ಒಂದೇ ತಂತಿಯನ್ನು ಕುದುರೆಯ ಸಮೀಪದಲ್ಲಿ ಮೀಟಿದರೆ ನಾದವು ತೀಕ್ಷ್ಣವಾಗಿ ಹೊರಡುತ್ತದೆ. ಅಲ್ಲಿಂದ ದೂರ ಸರಿದು ಮೀಟಿದರೆ ಅದೇ ನಾದವು ದುಂಡಾಗಿಯೂ ಮೃದುವಾಗಿಯೂ ಕೇಳುತ್ತದೆ. ವಿದ್ಯುತ್ ಗಿಟಾರನ್ನು ಕಟ್ಟಿದವರು ಈ ಭೇದವನ್ನು ಬೆರಳಿನ ಕೌಶಲಕ್ಕೆ ಮಾತ್ರ ಬಿಡದೆ ಯಂತ್ರಕ್ಕೂ ಒಪ್ಪಿಸಿದರು. ಆ ವಾದ್ಯದಲ್ಲಿ ತಂತಿಗಳ ಕೆಳಗೆ, ಕುದುರೆಯ ಪಕ್ಕದಲ್ಲಿ ಒಂದು, ದಂಡಿಯ ಬುಡದಲ್ಲಿ ಒಂದು, ಕೆಲವು ಬಗೆಗಳಲ್ಲಿ ಇವೆರಡರ ನಡುವೆ ಮತ್ತೊಂದು, ಹೀಗೆ ಪಿಕ್‌ಅಪ್ ಎಂಬ ನಾದಗ್ರಾಹಕಗಳನ್ನು ಹುದುಗಿಸಿರುತ್ತಾರೆ. ಇವುಗಳಲ್ಲಿ ಯಾವುದು ಯಾವಾಗ ಧ್ವನಿವರ್ಧಕಕ್ಕೆ ಸೇರಬೇಕೆಂಬುದನ್ನು ಗೊತ್ತುಮಾಡುವ ಸಾಧನವೇ ಬಹುಸ್ಥಾನದ ಸ್ವಿಚ್ಚು. ತಮ್ಮ ಗಿಟಾರಿನ ವೈರುಗಳನ್ನು ತಾವೇ ಹೊಸದಾಗಿ ಕೂಡಿಸಲೆಳಸುವವರು ಈ ಸ್ವಿಚ್ಚನ್ನು ಹೇಗೆ ಆರಿಸಬೇಕೆಂಬುದನ್ನು ಈ ದಿನ ವಿಚಾರಮಾಡೋಣ.

ಇಷ್ಟು ಸಣ್ಣ ಭಾಗಕ್ಕೆ ಇಷ್ಟು ವಿಚಾರವೇ ಎಂದು ಕೆಲವರು ಕೇಳಬಹುದು. ಸ್ಥಾನಗಳ ಸಂಖ್ಯೆಯನ್ನು ಮಾತ್ರ ನೋಡಿ ಕೊಂಡ ಸ್ವಿಚ್ಚು, ಬೇಕಾದ ಐದು ನಾದಗಳಲ್ಲಿ ಮೂರನ್ನು ಕೊಟ್ಟು ಎರಡಕ್ಕೆ ಕೈಕೊಡುವುದುಂಟು. ಅದಕ್ಕಾಗಿ ಮರದಲ್ಲಿ ಕೊರೆದ ರಂಧ್ರವನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಇದಕ್ಕಿಂತಲೂ ಕಷ್ಟವಾದುದೆಂದರೆ, ಸಭೆಯ ಮುಂದೆ ನುಡಿಸುತ್ತಿರುವಾಗ ಒಂದು ಸ್ಥಾನಕ್ಕೆ ಬಂದೊಡನೆ ವಾದ್ಯವು ಮೂಕವಾಗುವುದು. ಆದುದರಿಂದ ಬೆಸುಗೆಯ ಕಡ್ಡಿಯನ್ನು ಕಾಯಿಸುವುದಕ್ಕೆ ಮೊದಲು ಕಾಗದವನ್ನೂ ಲೇಖನಿಯನ್ನೂ ಹಿಡಿಯುವುದು ಉತ್ತಮ.

ಪಿಕ್‌ಅಪ್ ಎಂಬುದು ಅಯಸ್ಕಾಂತವನ್ನು ಬಳಸಿ ಸುತ್ತಿದ ಸಾವಿರಾರು ಸುತ್ತುಗಳ ತೆಳ್ಳನೆಯ ತಾಮ್ರದ ಸುರುಳಿ. ಉಕ್ಕಿನ ತಂತಿಯು ಅದರ ಮೇಲೆ ಕಂಪಿಸಿದಾಗ, ೧೮೩೧ರಲ್ಲಿ ಫ್ಯಾರಡೆ ಮಹಾಶಯನು ತೋರಿಸಿಕೊಟ್ಟ ನಿಯಮದಂತೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಪ್ರತಿಯೊಂದು ಸುರುಳಿಗೂ ಎರಡು ತುದಿಗಳು. ಸಾಮಾನ್ಯವಾಗಿ ಒಂದು ತುದಿಯನ್ನು ಧ್ವನಿವರ್ಧಕದ ಕಡೆಗೂ ಇನ್ನೊಂದನ್ನು ಭೂಮಿಯೆಂದು ಕರೆಯಲ್ಪಡುವ ಸಾಮಾನ್ಯ ವೈರಿಗೂ ಸೇರಿಸುತ್ತಾರೆ. ಮೊದಲನೆಯದನ್ನು ನಾದದ ತುದಿಯೆಂದೂ ಎರಡನೆಯದನ್ನು ಭೂಮಿಯ ತುದಿಯೆಂದೂ ಕರೆಯೋಣ.

ಸ್ವಿಚ್ಚಿಗೆ ಎರಡು ಅಳತೆಗಳುಂಟು. ಹಿಡಿಯು ಎಷ್ಟು ಕಡೆ ನಿಲ್ಲುವುದೆಂಬುದು ಮೊದಲನೆಯದು. ಇದು ಸ್ಥಾನಗಳ ಸಂಖ್ಯೆ. ಆ ಒಂದೇ ಹಿಡಿಯಿಂದ ಒಟ್ಟಿಗೆ ಚಲಿಸುವ, ಆದರೆ ಒಂದಕ್ಕೊಂದು ವಿದ್ಯುತ್ಸಂಬಂಧವಿಲ್ಲದ ಬೇರೆ ಬೇರೆ ಸ್ವಿಚ್ಚುಗಳು ಒಳಗೆ ಎಷ್ಟಿವೆಯೆಂಬುದು ಎರಡನೆಯದು. ಇವುಗಳಿಗೆ ಪೋಲ್ ಎಂದು ಹೆಸರು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಂತೆ ಪೋಲುಗಳು ಜೊತೆಯಾಗಿ ಹೆಜ್ಜೆಯಿಟ್ಟರೂ ಪ್ರತಿಯೊಂದೂ ತನ್ನ ಕೆಲಸವನ್ನು ತಾನು ಮಾಡುವುದು. ಸ್ಥಾನಗಳ ಸಂಖ್ಯೆ ಹೊರಗಿನಿಂದ ಕಾಣುತ್ತದೆ. ಪೋಲುಗಳ ಸಂಖ್ಯೆ ಕಾಣುವುದಿಲ್ಲ. ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಆದುದರಿಂದ ನಾವು ಹೇಳಬೇಕಾದ ಮುಖ್ಯ ಮಾತು ಇದು: ಅಂಗಡಿಯ ಪಟ್ಟಿಯಿಂದ ಆರಂಭಿಸದೆ ನಮಗೆ ಬೇಕಾದ ನಾದಗಳ ಪಟ್ಟಿಯಿಂದ ಆರಂಭಿಸಬೇಕು. ಒಂದೊಂದು ನಾದಕ್ಕೆ ಒಂದೊಂದು ಸಾಲು ಬರೆಯಿರಿ. ಪ್ರತಿ ಸಾಲಿನಲ್ಲಿಯೂ ಯಾವ ತುದಿ ಎಲ್ಲಿಗೆ ಸೇರಬೇಕೆಂದು ಗುರುತುಮಾಡಿರಿ. ಸಾಲುಗಳ ಸಂಖ್ಯೆಯೇ ಸ್ಥಾನಗಳ ಸಂಖ್ಯೆ. ಸಾಲಿನಿಂದ ಸಾಲಿಗೆ ನೆಲೆ ಬದಲಿಸುವ ತುದಿಗಳ ಸಂಖ್ಯೆಯಿಂದ ಪೋಲುಗಳ ಸಂಖ್ಯೆ ದೊರೆಯುವುದು.

ಟೆಲಿಕ್ಯಾಸ್ಟರ್ ಎಂಬ ಗಿಟಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫೆಂಡರ್ ಕಂಪೆನಿಯು ೧೯೫೧ರಿಂದ ಈ ಹೆಸರಿನಲ್ಲಿ ಮಾರುತ್ತ ಬಂದ ಈ ವಾದ್ಯದಲ್ಲಿ ಪಿಕ್‌ಅಪ್ಪುಗಳು ಎರಡು. ಈಗ ರೂಢಿಯಲ್ಲಿರುವ ಮೂರು ಸ್ಥಾನಗಳ ಸ್ವಿಚ್ಚು ಕುದುರೆಯ ಪಿಕ್‌ಅಪ್ಪನ್ನೂ, ಎರಡನ್ನೂ ಕೂಡಿಸಿ, ದಂಡಿಯ ಪಿಕ್‌ಅಪ್ಪನ್ನೂ ಕ್ರಮವಾಗಿ ನುಡಿಸುತ್ತದೆ. ಎರಡೂ ಕೂಡಿದಾಗ ಅವು ಸಮಾನಾಂತರದಲ್ಲಿರುತ್ತವೆ, ಎಂದರೆ ಅಕ್ಕಪಕ್ಕದಲ್ಲಿ ನಿಂತು ಒಂದೇ ಬಾಗಿಲಿಗೆ ನಾದವನ್ನು ತರುತ್ತವೆ. ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಜೋಡಿಸಿದರೆ ಅದು ಸರಣಿಯಾಗುತ್ತದೆ. ಒಂದೊಂದು ಸುರುಳಿಯ ರೋಧವು ೮,೦೦೦ ಓಮ್ ಎಂದಿಟ್ಟುಕೊಂಡರೆ ಸಮಾನಾಂತರದಲ್ಲಿ ಒಟ್ಟು ರೋಧ ೪,೦೦೦ ಓಮ್. ಸರಣಿಯಲ್ಲಿ ೧೬,೦೦೦ ಓಮ್. ಸರಣಿಯ ನಾದವು ಹೆಚ್ಚು ಬಲವುಳ್ಳದ್ದು, ತುಂಬಿದ್ದು. ಆದರೆ ತಾರಸ್ಥಾಯಿಯ ಮಿನುಗು ಸ್ವಲ್ಪ ಕಡಮೆ. ಇದನ್ನು ನಾಲ್ಕನೆಯ ನಾದವಾಗಿ ಸೇರಿಸಿಕೊಳ್ಳಬೇಕೆಂಬುದು ಅನೇಕ ವಾದಕರ ಆಶೆ.

ಈಗ ಪಟ್ಟಿಯನ್ನು ಬರೆಯೋಣ. ದಂಡಿಯ ಪಿಕ್‌ಅಪ್ಪಿನ ನಾದದ ತುದಿಯನ್ನು ಹೊರಬಾಗಿಲಿಗೂ, ಕುದುರೆಯ ಪಿಕ್‌ಅಪ್ಪಿನ ಭೂಮಿಯ ತುದಿಯನ್ನು ಭೂಮಿಗೂ ಶಾಶ್ವತವಾಗಿ ಕಟ್ಟಿಬಿಡೋಣ. ಉಳಿದ ಎರಡು ತುದಿಗಳು ಮಾತ್ರ ಚಲಿಸುವುವು. ಕುದುರೆಯದು ಒಂದೇ ನುಡಿಯಬೇಕಾದಾಗ ಅದರ ನಾದದ ತುದಿಯು ಹೊರಬಾಗಿಲಿಗೆ ಸೇರಿ, ದಂಡಿಯ ಭೂಮಿಯ ತುದಿಯು ಎಲ್ಲಿಯೂ ಸೇರದೆ ನಿಲ್ಲುವುದು. ಸಮಾನಾಂತರದಲ್ಲಿ ಮೊದಲಿನದು ಹೊರಬಾಗಿಲಿಗೆ, ಎರಡನೆಯದು ಭೂಮಿಗೆ. ದಂಡಿಯದು ಮಾತ್ರ ಬೇಕಾದರೆ ಮೊದಲಿನದು ಬಿಡುಗಡೆ, ಎರಡನೆಯದು ಭೂಮಿಗೆ. ಸರಣಿಯಲ್ಲಿ ದಂಡಿಯ ಭೂಮಿಯ ತುದಿಯು ಕುದುರೆಯ ನಾದದ ತುದಿಯೊಡನೆ ಕೂಡುವುದು. ಹೊರಬಾಗಿಲಿಗೂ ಕುದುರೆಗೂ ನೇರ ಸಂಬಂಧವಿಲ್ಲ. ಸಾಲುಗಳು ನಾಲ್ಕು, ಚಲಿಸುವ ತುದಿಗಳು ಎರಡು. ಆದುದರಿಂದ ಎರಡು ಪೋಲು, ನಾಲ್ಕು ಸ್ಥಾನಗಳ ಸ್ವಿಚ್ಚು ನಮಗೆ ಬೇಕಾದದ್ದು. ಅಂತಹದು ಮಾರುಕಟ್ಟೆಯಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ಒಂದೇ ಎಚ್ಚರಿಕೆ: ದಂಡಿಯ ಪಿಕ್‌ಅಪ್ಪಿನ ಲೋಹದ ಮುಚ್ಚಳವು ಅದರ ಭೂಮಿಯ ತುದಿಗೆ ಅಂಟಿಕೊಂಡಿದ್ದರೆ, ಆ ಬಂಧನವನ್ನು ಬಿಡಿಸಿ ಮುಚ್ಚಳಕ್ಕೆ ಪ್ರತ್ಯೇಕವಾಗಿ ಭೂಮಿಯ ವೈರನ್ನು ಕೊಡಬೇಕು. ಇಲ್ಲದಿದ್ದರೆ ಸರಣಿಯಲ್ಲಿ ಮುಚ್ಚಳವು ನಾದದ ದಾರಿಯಲ್ಲಿಯೇ ಸೇರಿಕೊಂಡು ಗುಂಯ್ ಎನ್ನುವ ಸದ್ದನ್ನು ಒಳಕ್ಕೆ ಎಳೆಯುವುದು.

ಮೂರು ಪಿಕ್‌ಅಪ್ಪುಗಳ ಸ್ಟ್ರಾಟೊಕ್ಯಾಸ್ಟರಿನ ಕಥೆ ಬೇರೆ. ೧೯೫೪ರಲ್ಲಿ ಅದು ಹೊರಬಂದಾಗ ಅದಕ್ಕೆ ಮೂರೇ ಸ್ಥಾನಗಳ ಸ್ವಿಚ್ಚು ಇದ್ದಿತು. ಹಿಡಿಯನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿದರೆ ಅಕ್ಕಪಕ್ಕದ ಎರಡು ಪಿಕ್‌ಅಪ್ಪುಗಳೂ ಕೂಡಿ ಇಂಪಾದ ಹೊಸ ನಾದ ಬರುವುದೆಂದು ವಾದಕರು ತಾವಾಗಿಯೇ ಕಂಡುಕೊಂಡರು. ಫೆಂಡರ್ ಕಂಪೆನಿಯು ಐದು ಸ್ಥಾನಗಳ ಸ್ವಿಚ್ಚನ್ನು ಕಾರ್ಖಾನೆಯಲ್ಲಿಯೇ ಹಾಕಲಾರಂಭಿಸಿದುದು ೧೯೭೭ರಲ್ಲಿ. ಇಲ್ಲಿ ಒಂದು ಮರ್ಮವುಂಟು. ಈ ಸಾಮಾನ್ಯ ಸ್ವಿಚ್ಚಿನ ಪ್ರತಿ ಪೋಲಿನಲ್ಲಿ ನಿಜವಾಗಿ ಇರುವ ಸಂಪರ್ಕಗಳು ಮೂರೇ. ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಚಲಿಸುವ ನಾಲಗೆಯು ಎರಡು ಸಂಪರ್ಕಗಳನ್ನು ಒಟ್ಟಿಗೆ ಮುಟ್ಟುವುದಷ್ಟೆ. ಹೀಗಾಗಿ ಆ ಎರಡು ಸ್ಥಾನಗಳಿಗೆ ಸ್ವತಂತ್ರವಾದ ನಾದವನ್ನು ಕೊಡಲು ಬರುವುದಿಲ್ಲ. ಅವು ನೆರೆಹೊರೆಯ ಮೊತ್ತವನ್ನೇ ಕೊಡುವುವು.

ಪ್ರತಿ ಸ್ಥಾನಕ್ಕೂ ಸ್ವತಂತ್ರ ನಾದ ಬೇಕೆನ್ನುವವರಿಗೆ ಸೂಪರ್ ಸ್ವಿಚ್ಚು ಎಂಬುದುಂಟು. ಅದರಲ್ಲಿ ನಾಲ್ಕು ಪೋಲು, ಪ್ರತಿಯೊಂದಕ್ಕೂ ಐದು ಬೇರೆ ಬೇರೆ ಸಂಪರ್ಕ. ನಾಲ್ಕು ಸಾಮಾನ್ಯ ತುದಿಗಳೂ ಸೇರಿ ಒಟ್ಟು ೨೪ ಬೆಸುಗೆಯ ಕಿವಿಗಳು. ಪಿಕ್‌ಅಪ್ಪಿಗೆ ಒಂದರಂತೆ ಮೂರು ಪೋಲುಗಳನ್ನು ಕೊಟ್ಟರೆ ಯಾವ ಸ್ಥಾನದಲ್ಲಿ ಯಾವ ಕೂಟ ಬೇಕಾದರೂ ಸಾಧ್ಯ; ನಾಲ್ಕನೆಯದು ಸ್ವರವರ್ಣವನ್ನು ತಿದ್ದುವ ಗುಬುಟಿಗೆ ಉಳಿಯುವುದು.

ಆದರೆ ದೊಡ್ಡದೇ ಉತ್ತಮವೆಂದು ತಿಳಿಯಬಾರದು. ಮೂರು ಪಿಕ್‌ಅಪ್ಪುಗಳನ್ನು ಸಮಾನಾಂತರದಲ್ಲಿ ಕೂಡಿಸುವ ಬಗೆಗಳು ಒಟ್ಟು ಏಳು. ಸಾಮಾನ್ಯ ಐದು ಸ್ಥಾನಗಳ ಸ್ವಿಚ್ಚು ಐದನ್ನು ಕೊಡುತ್ತದೆ. ಕುದುರೆ ದಂಡಿಗಳ ಜೋಡಿ ಮತ್ತು ಮೂರೂ ಕೂಡಿದ ನಾದ, ಇವೆರಡೇ ಉಳಿಯುವುವು. ದಂಡಿಯ ಪಿಕ್‌ಅಪ್ಪನ್ನು ಯಾವಾಗ ಬೇಕೆಂದರೆ ಆಗ ಸೇರಿಸುವ ಒಂದು ಚಿಕ್ಕ ಸ್ವಿಚ್ಚಿನಿಂದ ಅವೆರಡೂ ದೊರೆಯುವುವು. ಅದನ್ನು ಎಳೆದರೆ ಒತ್ತಿದರೆ ಬದಲಾಗುವ ಗುಬುಟಿನಲ್ಲಿಯೇ ಅಡಗಿಸಬಹುದಾದುದರಿಂದ ಮರವನ್ನು ಕೊರೆಯಬೇಕಾದ ಪ್ರಮೇಯವೇ ಇಲ್ಲ. ೨೪ ಕಿವಿಗಳ ಬೆಸುಗೆಗಿಂತ ಇದು ಎಷ್ಟೋ ಸುಲಭವಲ್ಲವೆ?

ತಿರುಗಿಸುವ ಸ್ವಿಚ್ಚು ಮತ್ತೊಂದು ಬಗೆ. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿ ತರಂಗಪಟ್ಟಿಯನ್ನು ಬದಲಾಯಿಸುತ್ತಿದ್ದುದು ಇದರ ಜಾತಿಯೇ. ಒಂದು ಬಿಲ್ಲೆಯಲ್ಲಿ ೧೨ ಸಂಪರ್ಕಗಳಿದ್ದರೆ ಅವನ್ನು ಒಂದು ಪೋಲಿಗೆ ೧೨ ಸ್ಥಾನ, ಎರಡಕ್ಕೆ ೬, ಮೂರಕ್ಕೆ ೪, ನಾಲ್ಕಕ್ಕೆ ೩ ಎಂಬಂತೆ ಹಂಚಿ ಮಾಡಿರುತ್ತಾರೆ. ಗಿಬ್ಸನ್ ಕಂಪೆನಿಯವರು ೧೯೫೯ರ ಸುಮಾರಿಗೆ ತಮ್ಮ ಇ ಎಸ್ ೩೪೫ ಎಂಬ ಗಿಟಾರಿನಲ್ಲಿ ಆರು ಸ್ಥಾನಗಳ ಇಂತಹ ಸ್ವಿಚ್ಚನ್ನು ಸ್ವರವರ್ಣ ಬದಲಿಸಲು ಬಳಸಿದರು. ಇದು ಕಡಮೆ ಸ್ಥಳದಲ್ಲಿ ಹೆಚ್ಚು ಕೆಲಸ ಮಾಡುವುದು ನಿಜ. ಆದರೆ ತಿರುಗಿಸಲು ಎರಡು ಬೆರಳು ಬೇಕು, ಎಷ್ಟನೆಯ ಸ್ಥಾನದಲ್ಲಿದೆಯೆಂಬುದು ಕತ್ತಲಲ್ಲಿ ಕೈಗೆ ತಿಳಿಯದು. ಸನ್ನೆಯಂತಹ ಹಿಡಿಯಾದರೋ ಅಂಗೈಯ ಅಂಚಿನಿಂದಲೇ ಸರಿಯುವುದು; ಅದರ ಓರೆಯೇ ಸ್ಥಾನವನ್ನು ಹೇಳುವುದು. ಹಾಡಿನ ನಡುವೆ ನಾದ ಬದಲಿಸುವವರು ಇದನ್ನು ಮರೆಯಬಾರದು.

ಮತ್ತೊಂದು ಗುಣವನ್ನು ಕೊಳ್ಳುವಾಗಲೇ ವಿಚಾರಿಸಬೇಕು. ಕೆಲವು ಸ್ವಿಚ್ಚುಗಳು ಹಳೆಯ ಸಂಪರ್ಕವನ್ನು ಬಿಡುವುದಕ್ಕೆ ಮೊದಲೇ ಹೊಸದನ್ನು ಹಿಡಿಯುತ್ತವೆ. ಕೆಲವು ಬಿಟ್ಟನಂತರ ಹಿಡಿಯುತ್ತವೆ. ಬಿಟ್ಟು ಹಿಡಿಯುವುದರಲ್ಲಿ ಕ್ಷಣಕಾಲ ಮೌನವೂ ಕೆಲವೊಮ್ಮೆ ಟಪ್ಪೆಂಬ ಶಬ್ದವೂ ಉಂಟಾಗಬಹುದು. ಪಿಕ್‌ಅಪ್ಪುಗಳನ್ನು ಬದಲಿಸುವುದಕ್ಕೆ ಮೊದಲನೆಯ ಬಗೆಯೇ ಸಾಮಾನ್ಯವಾಗಿ ಹಿತಕರ.

ಪಟ್ಟಿಯ ಪ್ರತಿ ಸಾಲಿನ ಮುಂದೆ ಗುಂಜಾರವದ ವಿಷಯವನ್ನೂ ಬರೆದುಕೊಳ್ಳುವುದು ಒಳ್ಳೆಯದು. ಒಂಟಿ ಸುರುಳಿಯು ತಂತಿಯ ನಾದದೊಡನೆ ಮನೆಯ ವಿದ್ಯುತ್ತಿನ ಸದ್ದನ್ನೂ ಹಿಡಿಯುವುದು. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ ೫೦ ಆವೃತ್ತಿಗಳದು, ಅಮೆರಿಕದಲ್ಲಿ ೬೦. ಸುತ್ತುವ ದಿಕ್ಕೂ ಅಯಸ್ಕಾಂತದ ಮುಖವೂ ಎರಡೂ ವಿಪರ್ಯಯವಾಗಿರುವ ಎರಡು ಸುರುಳಿಗಳು ಕೂಡಿದರೆ ತಂತಿಯ ನಾದ ಉಳಿದು ಆ ಸದ್ದು ಬಹುಮಟ್ಟಿಗೆ ಅಳಿಯುವುದು. ಯಾವ ಸಾಲಿನಲ್ಲಿ ಅಂತಹ ಜೋಡಿಯಿದೆ, ಯಾವುದರಲ್ಲಿಲ್ಲ ಎಂಬುದು ಮೊದಲೇ ತಿಳಿದಿದ್ದರೆ, ಮುಂದೆ ಸದ್ದು ಕೇಳಿದಾಗ ನಿರಪರಾಧಿಯಾದ ಸ್ವಿಚ್ಚನ್ನು ದೂರುವುದು ತಪ್ಪುತ್ತದೆ.

ಕೊನೆಯದಾಗಿ ಅಳತೆ. ಗಿಟಾರಿನ ಒಡಲಿನಲ್ಲಿ ತೋಡಿರುವ ಗೂಡಿನ ಆಳ ಅಗಲಗಳನ್ನೂ, ಹಿಡಿ ಓಡಾಡುವ ಸೀಳಿನ ಉದ್ದವನ್ನೂ, ತಿರುಪುಗಳ ಅಂತರವನ್ನೂ, ಹಿಡಿಯ ತುದಿಗೆ ಕೂರಿಸುವ ಟೋಪಿಯ ಬಾಯಿಯನ್ನೂ ಅಳೆದಿಟ್ಟುಕೊಂಡು ಅಂಗಡಿಗೆ ಹೋಗಬೇಕು. ಸೂಪರ್ ಸ್ವಿಚ್ಚು ಸಾಮಾನ್ಯವಾದುದಕ್ಕಿಂತ ದಪ್ಪ. ಇಕ್ಕಟ್ಟಾದ ಗೂಡಿನಲ್ಲಿ ಅದರ ಕಿವಿಗಳು ಗೋಡೆಗೆ ತಾಗಬಹುದು. ತಂದ ಮೇಲೆ ಬೆಸುಗೆಗೆ ಮುಂಚೆ ಓಮ್‌ಮಾಪಕವನ್ನಿಟ್ಟು ಒಂದೊಂದು ಸ್ಥಾನದಲ್ಲಿಯೂ ಯಾವ ಕಿವಿ ಯಾವುದಕ್ಕೆ ಕೂಡುತ್ತದೆಂದು ಪರೀಕ್ಷಿಸಿ ಬರೆದುಕೊಳ್ಳಬೇಕು. ಎಂಟು ಕಿವಿಗಳು ಒಂದೇ ಸಾಲಿನಲ್ಲಿರುವ ಸ್ವಿಚ್ಚಿಗೂ ಎರಡು ಬದಿಗಳಲ್ಲಿ ನಾಲ್ಕು ನಾಲ್ಕಿರುವ ಸ್ವಿಚ್ಚಿಗೂ ಕೆಲಸ ಒಂದೇ ಆದರೂ ಕ್ರಮ ಬೇರೆ. ಒಂದರ ನಕ್ಷೆಯನ್ನು ನೋಡಿ ಇನ್ನೊಂದಕ್ಕೆ ವೈರು ಕೂಡಿಸಿದರೆ ವಾದ್ಯವು ಮೌನವ್ರತವನ್ನು ಹಿಡಿಯುವುದು.

ಕೆಲಸ ಮುಗಿದ ಮೇಲೆ ಆ ಪಟ್ಟಿಯನ್ನೂ ನಕ್ಷೆಯನ್ನೂ ಎಸೆಯದೆ ಮಡಿಸಿ ಗಿಟಾರಿನ ಪೆಟ್ಟಿಗೆಯಲ್ಲಿಯೇ ಇಡಿರಿ. ತೆಗೆದ ಹಳೆಯ ಸ್ವಿಚ್ಚನ್ನೂ ಅದರ ಜೊತೆಯಲ್ಲಿಯೇ ಇಡಿರಿ. ಹತ್ತು ವರ್ಷಗಳ ಅನಂತರ ಆ ವಾದ್ಯವನ್ನು ಬಿಚ್ಚುವವರು, ಅವರು ನೀವೇ ಆಗಿರಲಿ ಬೇರೆಯವರೇ ಆಗಿರಲಿ, ಅದಕ್ಕಾಗಿ ನಿಮ್ಮನ್ನು ಕೃತಜ್ಞತೆಯಿಂದ ನೆನೆಯುವರು.