ವೆಬ್‌ಸೈಟ್, ಆ್ಯಪ್ ಎಲ್ಲರ ಕೈಗೂ ಎಟುಕುವಂತೆ ಮಾಡುವುದು ಹೇಗೆ?

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು ‘ಆಕ್ಸೆಸಿಬಿಲಿಟಿ’ ವಿಭಾಗಕ್ಕೆ ಹೋಗಿ. ಫೋನಿನ ಭಾಷೆ ಕನ್ನಡವಾಗಿದ್ದರೆ ಅದು ‘ಪ್ರವೇಶಿಸುವಿಕೆ’ ಎಂದಿರಬಹುದು. ಅಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಆನ್ ಮಾಡಿದ ಕೂಡಲೇ ಫೋನು ಪರದೆಯ ಮೇಲಿರುವುದನ್ನು ಓದಿ ಹೇಳತೊಡಗುತ್ತದೆ. ಬಲಕ್ಕೆ ಬೆರಳು ಸರಿಸಿದರೆ ಮುಂದಿನ ಸಾಲು ಅಥವಾ ಬಟನ್ ಕೇಳಿಸುತ್ತದೆ, ಎಡಕ್ಕೆ ಸರಿಸಿದರೆ ಹಿಂದಿನದು. ಬೇಕಾದದ್ದು ಕೇಳಿಸಿದಾಗ ಪರದೆಯನ್ನು ಎರಡು ಸಲ ತಟ್ಟಿದರೆ ಅದನ್ನು ಒತ್ತಿದಂತೆ. ಕಣ್ಣು ಕಾಣದವರು ಹಣ ಕಳಿಸುವುದು, ಟಿಕೆಟ್ ಕಾಯ್ದಿರಿಸುವುದು, ಸುದ್ದಿ ತಿಳಿಯುವುದು ಎಲ್ಲ ಹೀಗೆಯೇ. ಇಂಥ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್, ಅಂದರೆ ಪರದೆ ಓದುಗ ಎನ್ನುತ್ತಾರೆ. ಐಫೋನಿನಲ್ಲಿ ಇದರ ಹೆಸರು ವಾಯ್ಸ್‌ಓವರ್. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಜಾಸ್ ದುಡ್ಡು ಕೊಟ್ಟು ಕೊಳ್ಳುವಂಥದ್ದು.

ಟಾಕ್‌ಬ್ಯಾಕ್ ಆನ್ ಮಾಡಿ ಆಫ್ ಮಾಡಲಾಗದೆ ಒದ್ದಾಡುವವರು ಬಹಳ. ಅದಕ್ಕೇ ಮೊದಲು ಅದರ ಶಾರ್ಟ್‌ಕಟ್ ಹೊಂದಿಸಿಕೊಳ್ಳಿ. ಆಮೇಲೆ ಎರಡೂ ವಾಲ್ಯೂಮ್ ಬಟನ್‌ಗಳನ್ನು ಒಟ್ಟಿಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ ಸಾಕು, ಅದು ನಿಲ್ಲುತ್ತದೆ.

ಈಗ ನಿಮ್ಮ ಶಾಲೆಯದೋ ಸಹಕಾರ ಸಂಘದ್ದೋ ಅಂಗಡಿಯದೋ ಆ್ಯಪ್ ತೆರೆದು, ಕಣ್ಣು ಮುಚ್ಚಿ ಒಂದು ಕೆಲಸ ಮುಗಿಸಲು ನೋಡಿ. ಶುಲ್ಕ ಕಟ್ಟುವ ಪುಟವೇ ಇರಲಿ. ‘ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್’ ಎಂದಷ್ಟೇ ಕೇಳಿಸಿದರೆ ಯಾವುದು ಹಣ ಪಾವತಿಯದು, ಯಾವುದು ರದ್ದು ಮಾಡುವುದು ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಕಾಣುವ ಪುಟ್ಟ ಚಿತ್ರಕ್ಕೆ ಡೆವಲಪರ್ ಹೆಸರು ಕೊಟ್ಟಿಲ್ಲ, ಅಷ್ಟೇ. ಒಂದು ಸಾಲಿನ ಕೋಡ್‌ನಲ್ಲಿ ಸರಿಹೋಗುವ ಈ ಲೋಪದಿಂದಾಗಿ ಒಬ್ಬ ತಾಯಿ ತನ್ನ ಮಗುವಿನ ಶುಲ್ಕ ಕಟ್ಟಲು ಇನ್ನೊಬ್ಬರ ಕೈಗೆ ಫೋನು, ಪಿನ್ ಎರಡನ್ನೂ ಕೊಡಬೇಕಾಗುತ್ತದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ದೇಶದಲ್ಲಿ 2.68 ಕೋಟಿ. ಇವರಲ್ಲಿ ಅಂಧರಷ್ಟೇ ಅಲ್ಲ, ಮಂದದೃಷ್ಟಿಯವರು, ಕಿವುಡರು, ಕೈ ನಡುಗುವವರು, ಮೌಸ್ ಹಿಡಿಯಲಾಗದವರು, ಉದ್ದದ ವಾಕ್ಯ ಅರ್ಥಮಾಡಿಕೊಳ್ಳಲು ಕಷ್ಟಪಡುವವರು ಎಲ್ಲರೂ ಇದ್ದಾರೆ. ಪೊರೆ ಬಂದ ಕಣ್ಣಿನ ಅಜ್ಜ ಅಜ್ಜಿಯರನ್ನು ಈ ಲೆಕ್ಕಕ್ಕೆ ಸೇರಿಸಿದರೆ ನಮ್ಮೆಲ್ಲರ ಮನೆಯವರೂ ಬರುತ್ತಾರೆ.

ವೆಬ್‌ಸೈಟ್, ಆ್ಯಪ್‌ಗಳು ಇವರೆಲ್ಲರ ಕೈಗೂ ಎಟುಕುವಂತೆ ಮಾಡಲು ಜಗತ್ತೆಲ್ಲ ಒಪ್ಪಿದ ಒಂದು ನಿಯಮಾವಳಿಯಿದೆ. ಹೆಸರು ಡಬ್ಲ್ಯುಸಿಎಜಿ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದನ್ನು ಮೊದಲು ಹೊರತಂದದ್ದು 1999ರಲ್ಲಿ. ಈಗಿನ ಆವೃತ್ತಿ 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಇದರಲ್ಲಿ ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೂರು ಹಂತಗಳಿವೆ. ಸಾಮಾನ್ಯವಾಗಿ ಎಲ್ಲರೂ ಗುರಿಯಾಗಿ ಇಟ್ಟುಕೊಳ್ಳುವುದು ಡಬಲ್ ಎ. ಭಾರತದ್ದೇ ಮಾನಕವೂ ಇದೆ: ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ಹೊರಡಿಸಿದ ಐಎಸ್ 17802. ಸರ್ಕಾರಿ ಜಾಲತಾಣಗಳಿಗೆ ಜಿಐಜಿಡಬ್ಲ್ಯು ಎಂಬ ಪ್ರತ್ಯೇಕ ಮಾರ್ಗಸೂಚಿಯಿದೆ.

ನಿಯಮದ ಪುಸ್ತಕ ದೊಡ್ಡದು. ಆದರೆ ದಿನನಿತ್ಯ ಕಾಡುವ ತೊಂದರೆಗಳು ಕೆಲವೇ.

ಮೊದಲನೆಯದು ಫಾರ್ಮ್. ‘ಮೊಬೈಲ್ ಸಂಖ್ಯೆ’ ಎಂಬ ಮಾತು ಚೌಕದ ಒಳಗೆ ಮಸುಕಾಗಿ ಕಂಡು, ಬರೆಯಲು ಶುರುಮಾಡಿದೊಡನೆ ಮಾಯವಾಗುವ ವಿನ್ಯಾಸ ಈಗ ಎಲ್ಲೆಲ್ಲೂ ಇದೆ. ಅದು ಸಾಲದು. ಪ್ರತಿ ಚೌಕಕ್ಕೂ ಲೇಬಲ್, ಅಂದರೆ ಕೋಡ್‌ನಲ್ಲೇ ಜೋಡಿಸಿದ ಹೆಸರು ಇರಬೇಕು. ತಪ್ಪು ತುಂಬಿದಾಗ ಬರೀ ಕೆಂಪು ಗೆರೆ ಬಂದರೆ ಅಂಧರಿಗೂ ತಿಳಿಯದು, ಬಣ್ಣಗುರುಡು ಇರುವವರಿಗೂ ತಿಳಿಯದು. ‘ಪಿನ್‌ಕೋಡ್‌ನಲ್ಲಿ 6 ಅಂಕಿಗಳಿರಬೇಕು’ ಎಂದು ಅಕ್ಷರದಲ್ಲಿ ಬರೆಯಿರಿ. ಬಸ್ಸಿನ ಸೀಟು ಆರಿಸುವ ಪುಟಕ್ಕೂ ಇದೇ ಮಾತು. ಖಾಲಿ ಸೀಟನ್ನು ಹಸಿರು ಬಣ್ಣದಲ್ಲಷ್ಟೇ ತೋರಿಸಬೇಡಿ. ‘12ನೇ ಸೀಟು, ಕಿಟಕಿ ಬದಿ, ಖಾಲಿ’ ಎಂದು ಸ್ಕ್ರೀನ್ ರೀಡರ್ ಓದುವಂತೆ ಮಾಡಿ.

ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಬೇಕು. ಚಿತ್ರದಲ್ಲಿರುವುದನ್ನು ಒಂದೆರಡು ಸಾಲಿನಲ್ಲಿ ಹೇಳುವ, ಕಣ್ಣಿಗೆ ಕಾಣದ ವಿವರಣೆ ಇದು. ‘ಫೋಟೊ’ ಎಂದೋ ಕ್ಯಾಮರಾ ಕೊಟ್ಟ ಫೈಲ್ ಸಂಖ್ಯೆಯೋ ಇದ್ದರೆ ಪ್ರಯೋಜನವಿಲ್ಲ. ‘ಶಾಲಾ ವಾರ್ಷಿಕೋತ್ಸವದಲ್ಲಿ ಡೊಳ್ಳು ಬಾರಿಸುತ್ತಿರುವ ವಿದ್ಯಾರ್ಥಿನಿಯರು’ ಎಂದರೆ ಕೇಳುವವರಿಗೂ ಚಿತ್ರ ಸಿಗುತ್ತದೆ. ಬರೀ ಅಲಂಕಾರದ ಬಳ್ಳಿ, ಗೆರೆಗಳಿಗೆ ಆಲ್ಟ್ ಖಾಲಿ ಬಿಡಿ. ಆಗ ಸ್ಕ್ರೀನ್ ರೀಡರ್ ಅವನ್ನು ಓದದೆ ಮುಂದೆ ಹೋಗುತ್ತದೆ.

ಇನ್ನು ಕನ್ನಡದ ಜಾಲತಾಣಗಳಿಗೇ ಅಂಟಿಕೊಂಡಿರುವ ತೊಂದರೆಗೆ ಬರೋಣ. ಇದರ ಬಗ್ಗೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದು ಕಡಿಮೆ. ನಮ್ಮಲ್ಲಿ ಸುತ್ತೋಲೆ, ಅರ್ಜಿ ನಮೂನೆ, ಸಭೆಯ ತಿಳಿವಳಿಕೆ ಪತ್ರ ಎಲ್ಲವನ್ನೂ ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸುವ ರೂಢಿ. ಹಾಗೆ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರಗಳೇ ಇರುವುದಿಲ್ಲ, ಅಕ್ಷರಗಳ ಫೋಟೊ ಇರುತ್ತದೆ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಎರಡನೆಯ ಸಮಸ್ಯೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳದು. ಅವುಗಳಲ್ಲಿ ಕನ್ನಡ ಕಾಣುವುದು ಫಾಂಟಿನ ಬಲದಿಂದ ಮಾತ್ರ. ಒಳಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಮೂರಕ್ಷರದ ಒಳಗೆ ಇಂಗ್ಲಿಷಿನ ‘ಪಿ’, ‘ಕ್ಯೂ’ ಅಕ್ಷರಗಳು, ಒಂದು ಪೌಂಡ್ ಗುರುತು ಅಡಗಿರುತ್ತವೆ. ಕಣ್ಣಿಗೆ ಸೊಗಸಾದ ಕನ್ನಡ, ಕಿವಿಗೆ ಅರ್ಥವಿಲ್ಲದ ಸದ್ದು. ಗೂಗಲ್‌ನಲ್ಲಿ ಹುಡುಕಿದರೂ ಆ ಬರಹ ಸಿಗುವುದಿಲ್ಲ.

ನಿಮ್ಮ ಕಡತ ಯಾವ ಬಗೆಯದು ಎಂದು ಪರೀಕ್ಷಿಸುವುದು ಸುಲಭ. ಪಿಡಿಎಫ್‌ನ ಒಂದು ಸಾಲನ್ನು ಆಯ್ದು, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಸಾಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್. ಚಿತ್ರವಿಚಿತ್ರ ಚಿಹ್ನೆಗಳು ಬಂದರೆ ಹಳೆಯ ಫಾಂಟು. ಅದೇ ಕನ್ನಡ ಸಾಲು ಬಂದರೆ ಅದು ಯೂನಿಕೋಡ್, ಅಂದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಒಪ್ಪಿಕೊಂಡಿರುವ ಸಂಕೇತ ಪದ್ಧತಿ. ಯೂನಿಕೋಡ್ ಇದ್ದೂ ಕೆಲವೊಮ್ಮೆ ಪಿಡಿಎಫ್‌ನಲ್ಲಿ ಒತ್ತಕ್ಷರ ಹಿಂದುಮುಂದಾಗುವುದುಂಟು.

ಪರಿಹಾರಕ್ಕೆ ದುಡ್ಡು ಬೇಡ, ಸ್ವಲ್ಪ ಸಮಯ ಬೇಕು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಸ್ಕ್ಯಾನ್ ಮಾಡಿದ ಹಾಳೆಯನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಒಸಿಆರ್ ನಡೆಯುತ್ತದೆ. ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಬರಹವಾಗಿ ಕೊಡುತ್ತದೆ. ಕನ್ನಡಕ್ಕೂ ಆಗುತ್ತದೆ. ಆದರೆ ಬಂದದ್ದನ್ನು ಹಾಗೇ ಏರಿಸಬೇಡಿ. ದಿನಾಂಕ, ಮೊತ್ತ, ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಿ. ಸಹಿ ಇರುವ ಸ್ಕ್ಯಾನ್ ಪ್ರತಿ ದಾಖಲೆಗೆ ಬೇಕೇ ಬೇಕು ಎನ್ನುವುದಾದರೆ ಅದೂ ಇರಲಿ. ಅದರ ಪಕ್ಕದಲ್ಲೇ ಅಷ್ಟೂ ಒಕ್ಕಣೆಯನ್ನು ಪುಟದ ಮೇಲೆ ಟೈಪ್ ಮಾಡಿ ಹಾಕಿ. ವಾಟ್ಸ್‌ಆ್ಯಪ್ ಗುಂಪಿಗೆ ಪೋಸ್ಟರ್ ಕಳಿಸುವಾಗಲೂ ಕೆಳಗೆ ಎರಡು ಸಾಲು ಬರೆದರೆ ಅಂಧ ಸದಸ್ಯರು ‘ಇದರಲ್ಲಿ ಏನಿದೆ?’ ಎಂದು ಕೇಳಬೇಕಾಗುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ. ಪುಟದ ಕೋಡ್‌ನಲ್ಲಿ ಭಾಷೆ ಯಾವುದೆಂದು ನಮೂದಿಸುವ ಜಾಗವಿದೆ. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರದ ಗುರುತು. ರೆಡಿಮೇಡ್ ವಿನ್ಯಾಸ ತಂದವರು ಅಲ್ಲಿ ಇಂಗ್ಲಿಷ್ ಎಂದೇ ಬಿಟ್ಟಿರುತ್ತಾರೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ತಡವರಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಮಂದದೃಷ್ಟಿಯವರಿಗೆ ಬೇಕಾದ್ದು ಬಣ್ಣದ ವ್ಯತ್ಯಾಸ, ಅಂದರೆ ಕಾಂಟ್ರಾಸ್ಟ್. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಅಂದವಾಗಿ ಕಾಣಬಹುದು, ಓದಲು ಆಗದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತ ಇರಬೇಕೆಂಬುದು ನಿಯಮ. ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ಪುಟವನ್ನು ಶೇಕಡಾ 200ಕ್ಕೆ ಹಿಗ್ಗಿಸಿದರೂ ಏನೂ ಮರೆಯಾಗಬಾರದು. ಕನ್ನಡದಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಬಟನ್‌ನ ಎತ್ತರ ಇಂಗ್ಲಿಷಿಗೆ ಹೊಂದಿಸಿದ್ದಾಗಿದ್ದರೆ ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ.

ಮೌಸ್ ಬಳಸಲಾಗದವರು ಕೀಬೋರ್ಡಿನ ಟ್ಯಾಬ್ ಕೀಲಿಯಿಂದಲೇ ಎಲ್ಲ ಮಾಡುತ್ತಾರೆ. ನೀವೂ ಮೌಸ್ ಬದಿಗಿಟ್ಟು ಟ್ಯಾಬ್ ಒತ್ತುತ್ತಾ ಹೋಗಿ. ಈಗ ಎಲ್ಲಿದ್ದೀರಿ ಎಂದು ತೋರಿಸುವ ಗೆರೆ ಕಾಣುತ್ತಿದೆಯೇ? ಕೊನೆಯ ಬಟನ್‌ವರೆಗೂ ಹೋಗಲು ಆಗುತ್ತದೆಯೇ? ನಡುವೆ ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದು 2.2 ಆವೃತ್ತಿ ಹೇಳುತ್ತದೆ. ಫೋನಿನಲ್ಲಿ ಅದಕ್ಕಿಂತ ದೊಡ್ಡದಿದ್ದರೇ ಒಳ್ಳೆಯದು. ಕಿವುಡರಿಗಾಗಿ ವಿಡಿಯೊಗಳಿಗೆ ಶೀರ್ಷಿಕೆ ಸಾಲುಗಳು, ಅಂದರೆ ಕ್ಯಾಪ್ಷನ್ ಬೇಕು. ಯಂತ್ರ ತಾನಾಗಿ ಬರೆದುಕೊಟ್ಟದ್ದನ್ನು ತಿದ್ದದೆ ಬಿಡಬೇಡಿ. ಸಾಧ್ಯವಿದ್ದಲ್ಲಿ ಭಾರತೀಯ ಸಂಜ್ಞಾ ಭಾಷೆಯ ಕಿಟಕಿಯೂ ಇರಲಿ.

ಲಾಗಿನ್ ಆಗುವಾಗಿನ ಕಷ್ಟ ಬೇರೆಯದೇ. ಸೊಟ್ಟ ಅಕ್ಷರ ನೋಡಿ ಬರೆಯಿರಿ ಎನ್ನುವ ಕ್ಯಾಪ್ಚಾ, ಓದಿ ಮುಗಿಸುವಷ್ಟರಲ್ಲಿ ಅವಧಿ ಮುಗಿಯುವ ಒಟಿಪಿ, ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಿ ಎನ್ನುವ ಇ-ಕೆವೈಸಿ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆ. ಈ ಕೊನೆಯದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ್ಯಸಿಡ್ ದಾಳಿಯಲ್ಲಿ ಮುಖ, ಕಣ್ಣು ಹಾನಿಗೊಂಡವರು ಕಣ್ಣು ಮಿಟುಕಿಸುವುದು ಹೇಗೆ? ಅಂಥ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಅವರ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಹೇಳಿತು, ಕೆವೈಸಿ ಪದ್ಧತಿ ಎಲ್ಲರಿಗೂ ಬಳಸಲು ಆಗುವಂತೆ ಮಾಡಲು 20 ನಿರ್ದೇಶನಗಳನ್ನು ಕೊಟ್ಟಿತು. ಇಂಥ ತೀರ್ಪು ಇಷ್ಟು ತಡವಾಗಿ ಬರಬೇಕಾಯಿತಲ್ಲ ಎಂಬ ನೋವು ನನಗಿದೆ. ಆದರೆ ಬಂದಿದೆ, ಅದನ್ನು ಹಿಡಿದು ಕೇಳಲು ಈಗ ಆಧಾರವಿದೆ.

ಖರ್ಚು ಎಷ್ಟು ಎಂಬುದು ಎಲ್ಲರ ಪ್ರಶ್ನೆ. ಹೊಸದಾಗಿ ಕಟ್ಟುವಾಗಲೇ ಈ ಅಂಶಗಳನ್ನು ಸೇರಿಸಿದರೆ ಹೆಚ್ಚುವರಿ ಹೊರೆ ಕಡಿಮೆ. ಎಲ್ಲ ಮುಗಿದ ಮೇಲೆ ತಿದ್ದುವುದೆಂದರೆ ಮನೆ ಕಟ್ಟಿ ಸುಣ್ಣ ಬಳಿದ ಮೇಲೆ ಗೋಡೆ ಒಡೆದು ಪೈಪ್ ಹಾಕಿಸಿದ ಹಾಗೆ. ಆದ್ದರಿಂದ ವೆಬ್‌ಸೈಟ್ ಮಾಡಲು ಯಾರಿಗಾದರೂ ಕೆಲಸ ಕೊಡುವಾಗ ಒಪ್ಪಂದದಲ್ಲೇ ಬರೆಸಿ: ‘ಡಬ್ಲ್ಯುಸಿಎಜಿ 2.2 ಡಬಲ್ ಎ ಹಂತಕ್ಕೆ ಹೊಂದಿರಬೇಕು, ಎನ್‌ವಿಡಿಎ ಮತ್ತು ಟಾಕ್‌ಬ್ಯಾಕ್‌ನಲ್ಲಿ ಪರೀಕ್ಷಿಸಿ ತೋರಿಸಬೇಕು, ಆಮೇಲೆಯೇ ಕೊನೆಯ ಕಂತು.’ ಯೂರೋಪಿನ ಗ್ರಾಹಕರಿಗೆ ಸೇವೆ ಕೊಡುವ ಬೆಂಗಳೂರಿನ ಕಂಪನಿಗಳು ಹೇಗೂ ಇದನ್ನು ಕಲಿಯಲೇಬೇಕಾಗಿದೆ, ಅಲ್ಲಿನ ಆಕ್ಸೆಸಿಬಿಲಿಟಿ ಕಾನೂನು 2025ರ ಜೂನ್ 28ರಿಂದ ಜಾರಿಯಲ್ಲಿದೆ. ಆ ಜಾಣ್ಮೆಯನ್ನು ಕನ್ನಡದ ಜಾಲತಾಣಗಳಿಗೂ ಬಳಸಲಿ.

ಒಂದು ಸಾಲಿನ ಕೋಡ್ ಅಂಟಿಸಿದರೆ ಸಾಕು, ನಿಮ್ಮ ತಾಣ ತಾನಾಗಿ ಸರಿಹೋಗುತ್ತದೆ ಎಂದು ಮಾರುವ ವಿಜೆಟ್‌ಗಳಿವೆ. ಮೂಲೆಯಲ್ಲಿ ಗಾಲಿಕುರ್ಚಿ ಅಥವಾ ಮನುಷ್ಯನ ಚಿಹ್ನೆ ಕಾಣುತ್ತದೆ. ಅವನ್ನೇ ನಂಬಿ ಹಣ ಹಾಕಬೇಡಿ. ಇಂಥ ಉತ್ಪನ್ನ ಮಾರುವ ಆಕ್ಸೆಸಿಬಿ ಕಂಪನಿ ತನ್ನ ಸಾಧನದ ಬಗ್ಗೆ ತಪ್ಪು ದಾರಿಗೆಳೆಯುವ ಭರವಸೆ ಕೊಟ್ಟಿತೆಂದು ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು. ಲೇಬಲ್ ಇಲ್ಲದ ಫಾರ್ಮ್‌ಗೆ ಲೇಬಲ್ ಹಾಕುವುದೇ ಮದ್ದು.

ಪರೀಕ್ಷೆಯ ಸಲಕರಣೆಗಳು ಉಚಿತ. ಕ್ರೋಮ್ ಬ್ರೌಸರ್‌ನೊಳಗೇ ಲೈಟ್‌ಹೌಸ್ ಇದೆ. ವೇವ್ ಎಂಬುದನ್ನು ಬ್ರೌಸರ್‌ಗೆ ಸೇರಿಸಿಕೊಳ್ಳಬಹುದು. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಇದೆ. ಆದರೆ ಯಂತ್ರ ಹಿಡಿಯುವುದು ದೋಷಗಳ ಒಂದು ಭಾಗವನ್ನು ಮಾತ್ರ. ಆಲ್ಟ್ ಇದೆಯೇ ಎಂದು ಅದು ಹೇಳೀತು, ಬರೆದದ್ದು ಸರಿಯೇ ಎಂದು ಹೇಳದು. ಆದ್ದರಿಂದ ನಿತ್ಯ ಸ್ಕ್ರೀನ್ ರೀಡರ್ ಬಳಸುವವರಿಂದಲೇ ಪರೀಕ್ಷೆ ಮಾಡಿಸಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ಇದು ನುರಿತ ಕೆಲಸ, ಉಪಕಾರವೆಂದು ಕೇಳುವಂಥದ್ದಲ್ಲ. ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ, ಮಿತ್ರಜ್ಯೋತಿಯಂಥ ಸಂಸ್ಥೆಗಳು ದೃಷ್ಟಿ ಇಲ್ಲದವರಿಗೆ ಕಂಪ್ಯೂಟರ್ ತರಬೇತಿ ಕೊಡುತ್ತ ಬಂದಿವೆ. ಅಂಥ ಕಡೆ ವಿಚಾರಿಸಿದರೆ ಪರಿಣತರ ದಾರಿ ಸಿಕ್ಕೀತು.

ನೀವು ತೊಂದರೆ ಅನುಭವಿಸುವ ಬಳಕೆದಾರರಾಗಿದ್ದರೆ, ಮೊದಲು ಆ ಸಂಸ್ಥೆಗೆ ಲಿಖಿತವಾಗಿ ತಿಳಿಸಿ. ಯಾವ ಫೋನು, ಯಾವ ಪುಟ, ಯಾವ ಬಟನ್, ಏನು ಕೇಳಿಸಿತು ಎಂದು ಬರೆಯಿರಿ. ಸಾಧ್ಯವಾದರೆ ಪರದೆಯನ್ನು ದನಿಯೊಂದಿಗೆ ರೆಕಾರ್ಡ್ ಮಾಡಿ ಲಗತ್ತಿಸಿ. ಉತ್ತರ ಬಾರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಸೇವೆಗಳಿಗಷ್ಟೇ ಅಲ್ಲ, 46ನೇ ಸೆಕ್ಷನ್ ಮೂಲಕ ಖಾಸಗಿ ಸೇವಾದಾರರಿಗೂ ಅನ್ವಯಿಸುತ್ತದೆ. ಕಾಯ್ದೆ ಮೀರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ.

ವೆಬ್‌ಸೈಟ್ ನಡೆಸುವವರಾಗಿದ್ದರೆ, ಜನ ಅತಿ ಹೆಚ್ಚು ಬಳಸುವ ಒಂದು ಫಾರ್ಮನ್ನು ಈ ವಾರವೇ ಸರಿಪಡಿಸಿ. ತೊಂದರೆಯಾದರೆ ಯಾರಿಗೆ ಹೇಳಬೇಕು ಎಂಬ ಫೋನ್ ಸಂಖ್ಯೆ, ಇಮೇಲ್ ವಿಳಾಸವನ್ನು ಪ್ರತಿ ಪುಟದ ಕೆಳಗೆ ಹಾಕಿ. ಕರೆ ಬಂದಾಗ ಉತ್ತರ ಕೊಡಿ.